ಮತ್ತೆ ತರಗತಿಗೆ ಮರಳಿದ ಮೇಜರ್

"ಬೇರೇನೂ ಸಿಗದಿದ್ದರೆ ಟೀಚರ್ ಆದರೂ ಆಗಲಿ" ಎಂಬ ಮಾತು ನಮ್ಮ ಮನೆಗಳಲ್ಲಿ ಆಗಾಗ ಕೇಳಿ ಬರುತ್ತದೆ. ಮಗ ಡಾಕ್ಟರಾಗಬೇಕು, ಇಂಜಿನಿಯರಾಗಬೇಕು, ಗಲ್ಫ್‌ಗೆ ಹೋಗಬೇಕು. ಇದಾವುದೂ ಆಗದಿದ್ದರೆ ಕೊನೆಯದಾಗಿ ಉಳಿಯುವುದು ಶಿಕ್ಷಕ ವೃತ್ತಿ. ಮಗಳ ವಿಷಯದಲ್ಲಂತೂ ಮದುವೆಯಾಗುವ ತನಕ ಹೊತ್ತು ಕಳೆಯಲು ಅದೊಂದು ದಾರಿ ಎಂದು ಭಾವಿಸುವವರೂ ಇದ್ದಾರೆ. ಹೀಗೆ ನಾವು ಕೊನೆಯ ಸಾಲಿನಲ್ಲಿ ಕೂರಿಸಿರುವ ಈ ವೃತ್ತಿಯನ್ನು ಸೈನ್ಯದ ಅಧಿಕಾರಿಯೊಬ್ಬರು ತಾನೇ ಬಯಸಿ ಆರಿಸಿಕೊಂಡರು. ತೊಂಬತ್ತು ದಾಟಿದ ಮೇಲೂ ಅದನ್ನು ಬಿಡಲಿಲ್ಲ. ಅವರೇ ಮೇಜರ್ ಜೆಫ್ರಿ ಲ್ಯಾಂಗ್‌ಲ್ಯಾಂಡ್ಸ್.

ಲ್ಯಾಂಗ್‌ಲ್ಯಾಂಡ್ಸ್ ಹುಟ್ಟಿದ್ದು 1917ರ ಅಕ್ಟೋಬರ್‌ನಲ್ಲಿ, ಇಂಗ್ಲೆಂಡಿನ ಹಲ್ ಪಟ್ಟಣದಲ್ಲಿ. ಅವಳಿ ಮಕ್ಕಳಲ್ಲಿ ಅವರೊಬ್ಬರು. ಮರುವರ್ಷ ಜಗತ್ತನ್ನೇ ನಡುಗಿಸಿದ ಫ್ಲೂ ಜ್ವರ ಅವರ ತಂದೆಯನ್ನು ಬಲಿ ತೆಗೆದುಕೊಂಡಿತು. ಇನ್ನೂ ಮಾತು ಬಾರದ ಎರಡು ಮಕ್ಕಳನ್ನು ಕಟ್ಟಿಕೊಂಡು ತಾಯಿ ತನ್ನ ತವರಿಗೆ ಮರಳಿದರು. ಜಾನಪದ ನೃತ್ಯ ಕಲಿಸುತ್ತಾ ಮಕ್ಕಳನ್ನು ಸಾಕಿದರು. ಆದರೆ ಮಕ್ಕಳಿಗೆ ಹನ್ನೆರಡು ವರ್ಷವಾಗುವಷ್ಟರಲ್ಲಿ ಆ ತಾಯಿಯೂ ಕ್ಯಾನ್ಸರಿಗೆ ತುತ್ತಾದರು.

ತಂದೆ ತಾಯಿ ಇಬ್ಬರನ್ನೂ ಕಳೆದುಕೊಂಡ ಹುಡುಗನ ಓದು ಅಲ್ಲಿಗೇ ನಿಲ್ಲಬಹುದಿತ್ತು. ಹಾಗಾಗಲಿಲ್ಲ. ಕುಟುಂಬದ ಹಿತೈಷಿಗಳು ನೆರವಾದರು, ಒಳ್ಳೆಯ ಶಾಲೆಯೊಂದರಲ್ಲಿ ಓದು ಮುಂದುವರಿಯಿತು. ಅಂದು ಆ ಯತೀಮ ಹುಡುಗನ ಕೈ ಹಿಡಿದವರಿಗೆ, ತಾವು ಓದಿಸುತ್ತಿರುವ ಈತ ಮುಂದೆ ಸಾವಿರಾರು ಮೈಲಿ ದೂರದ ನಾಡೊಂದರಲ್ಲಿ ತಲೆಮಾರುಗಳಿಗೆ ಪಾಠ ಹೇಳುತ್ತಾನೆಂದು ಊಹಿಸಲು ಸಾಧ್ಯವಿತ್ತೇ?

ಇನ್ನೊಂದು ಸಂಗತಿಯನ್ನು ಇಲ್ಲಿ ಗಮನಿಸಬೇಕು. ಸೈನ್ಯ ಬಿಟ್ಟು ಶಿಕ್ಷಕರಾದವರು ಎಂದೇ ಅವರನ್ನು ಎಲ್ಲರೂ ನೆನೆಯುತ್ತಾರೆ. ಆದರೆ ಅವರು ಸೈನ್ಯಕ್ಕೆ ಸೇರುವ ಮೊದಲೇ ಶಿಕ್ಷಕರಾಗಿದ್ದರು. 1930ರ ದಶಕದ ಮಧ್ಯದಲ್ಲಿ, ಶಾಲೆ ಮುಗಿಸಿದ ಎಳೆಯ ವಯಸ್ಸಿನಲ್ಲೇ, ಲಂಡನ್ ಸಮೀಪದ ಕ್ರಾಯ್ಡನ್‌ನಲ್ಲಿ ಚಿಕ್ಕ ಮಕ್ಕಳಿಗೆ ಗಣಿತ ಮತ್ತು ವಿಜ್ಞಾನ ಕಲಿಸುತ್ತಿದ್ದರು. 1939ರಲ್ಲಿ ಎರಡನೇ ಮಹಾಯುದ್ಧ ಬಂತು. ಸೀಮೆಸುಣ್ಣ ಹಿಡಿದಿದ್ದ ಕೈ ಬಂದೂಕು ಹಿಡಿಯಿತು. 1942ರಲ್ಲಿ ಫ್ರಾನ್ಸಿನ ಡಿಯೆಪ್ ಬಂದರಿನ ಮೇಲೆ ನಡೆದ ದಾಳಿಯಲ್ಲಿ ಕಮಾಂಡೊ ಆಗಿ ಭಾಗವಹಿಸಿದರು. ಆ ಒಂದೇ ದಿನದಲ್ಲಿ ಸಾವಿರಾರು ಸೈನಿಕರು ಸತ್ತರು, ಗಾಯಗೊಂಡರು, ಸೆರೆಯಾದರು. ಲ್ಯಾಂಗ್‌ಲ್ಯಾಂಡ್ಸ್ ಬದುಕಿ ಬಂದರು.

1944ರಲ್ಲಿ ಅವರು ಅವಿಭಜಿತ ಭಾರತಕ್ಕೆ ಬಂದರು. 1947ರಲ್ಲಿ ದೇಶ ಇಬ್ಭಾಗವಾದಾಗ ಬ್ರಿಟಿಷ್ ಅಧಿಕಾರಿಗಳಲ್ಲಿ ಹೆಚ್ಚಿನವರು ಪೆಟ್ಟಿಗೆ ಕಟ್ಟಿ ಹಡಗು ಹತ್ತಿದರು. ಇವರು ಪಾಕಿಸ್ತಾನದ ಹೊಸ ಸೈನ್ಯಕ್ಕೆ ತರಬೇತುದಾರರಾಗಿ ಅಲ್ಲೇ ಉಳಿದರು. ಸುಮಾರು ಆರು ವರ್ಷಗಳ ಬಳಿಕ ಆ ಅವಧಿಯೂ ಮುಗಿಯಿತು. ಮುಂದೇನು ಎಂಬ ಪ್ರಶ್ನೆ ಎದುರಾಯಿತು. ಆಗ ಸೇನಾ ಮುಖ್ಯಸ್ಥರಾಗಿದ್ದ ಜನರಲ್ ಅಯ್ಯೂಬ್ ಖಾನ್ ಅವರ ಸಲಹೆಯಂತೆ ಲಾಹೋರಿನ ಎಚಿಸನ್ ಕಾಲೇಜಿಗೆ ಶಿಕ್ಷಕರಾಗಿ ಸೇರಿದರು. ಸೀಮೆಸುಣ್ಣ ಮತ್ತೆ ಕೈಗೆ ಬಂತು.

ಎಚಿಸನ್ ಎಂದರೆ ಸಿರಿವಂತರ, ಜಮೀನ್ದಾರರ, ಅಧಿಕಾರಸ್ಥರ ಮಕ್ಕಳು ಓದುವ ಹೆಸರಾಂತ ಸಂಸ್ಥೆ. ಅಲ್ಲಿ ಅವರು 25 ವರ್ಷ ಗಣಿತ ಕಲಿಸಿದರು. ಮುಂದೆ ಪಾಕಿಸ್ತಾನದ ಅಧ್ಯಕ್ಷರಾದ ಫಾರೂಕ್ ಲೆಘಾರಿ, ಪ್ರಧಾನಿಗಳಾದ ಝಫರುಲ್ಲಾ ಖಾನ್ ಜಮಾಲಿ ಮತ್ತು ಇಮ್ರಾನ್ ಖಾನ್ ಇವರೆಲ್ಲ ಆ ತರಗತಿಗಳಲ್ಲಿ ಕುಳಿತವರು. ಇಷ್ಟಕ್ಕೇ ನಿಂತಿದ್ದರೂ ಅವರ ಬದುಕು ಸಾರ್ಥಕವೇ ಆಗುತ್ತಿತ್ತು. ಹೆಸರಿತ್ತು, ಸುರಕ್ಷಿತ ಊರಿತ್ತು, ಗೌರವವಿತ್ತು.

ಆದರೆ 1979ರಲ್ಲಿ, ಅರುವತ್ತು ದಾಟಿದ ಮೇಲೆ, ಅವರು ಲಾಹೋರ್ ಬಿಟ್ಟು ಉತ್ತರ ವಝೀರಿಸ್ತಾನದ ರಝ್ಮಕ್‌ಗೆ ಹೊರಟರು. ಅಲ್ಲಿನ ಕೆಡೆಟ್ ಕಾಲೇಜಿಗೆ ಪ್ರಾಂಶುಪಾಲರು ಬೇಕಾಗಿದ್ದರು. ಅಫ್ಘಾನಿಸ್ತಾನದ ಗಡಿಗೆ ಹತ್ತಿರದ, ಬುಡಕಟ್ಟು ಪಂಗಡಗಳ ಗುಡ್ಡಗಾಡು ಅದು. ಅದೇ ವರ್ಷದ ಕೊನೆಯಲ್ಲಿ ಸೋವಿಯತ್ ಸೈನ್ಯ ಅಫ್ಘಾನಿಸ್ತಾನಕ್ಕೆ ನುಗ್ಗಿತು. ಇಂತಹ ಜಾಗದಲ್ಲಿ ಅವರು ಹತ್ತು ವರ್ಷ ಶಾಲೆ ನಡೆಸಿದರು. 1988ರಲ್ಲಿ ಬುಡಕಟ್ಟಿನ ಕೆಲವರು ತಮ್ಮ ಬೇಡಿಕೆಗಾಗಿ ಅವರನ್ನೇ ಅಪಹರಿಸಿದರು. ಆರು ದಿನಗಳ ಬಳಿಕ ಬಿಡುಗಡೆಯಾಯಿತು. ಎಪ್ಪತ್ತರ ವಯಸ್ಸಿನಲ್ಲಿ ಇಂತಹದ್ದು ಎದುರಾದರೆ ಸಾಕಪ್ಪಾ ಸಾಕು ಎಂದು ಊರಿಗೆ ಹೊರಡುವವರೇ ಹೆಚ್ಚು. ಅವರು ಹೊರಟದ್ದು ಇನ್ನೂ ದೂರದ ಕಣಿವೆಯೊಂದಕ್ಕೆ.

ಅದೇ ಚಿತ್ರಾಲ್. ಹಿಂದೂಕುಶ್ ಪರ್ವತಗಳ ನಡುವಿನ ಜಿಲ್ಲೆ. ಅಲ್ಲಿಗೆ ಹೋಗಬೇಕಾದರೆ ಸುಮಾರು 10,000 ಅಡಿ ಎತ್ತರದ ಲೋವಾರಿ ಕಣಿವೆದಾರಿಯನ್ನು ದಾಟಬೇಕಿತ್ತು. ಚಳಿಗಾಲದಲ್ಲಿ ಹಿಮ ಬಿದ್ದು ದಾರಿ ತಿಂಗಳುಗಟ್ಟಲೆ ಮುಚ್ಚಿರುತ್ತಿತ್ತು. 2017ರಲ್ಲಿ ಸುರಂಗ ಮಾರ್ಗ ತೆರೆಯುವ ತನಕವೂ ಇದೇ ಸ್ಥಿತಿ. ಅಲ್ಲಿ 1988ರಲ್ಲಿ ಆರಂಭವಾಗಿದ್ದ ಪುಟ್ಟ ಶಾಲೆಯೊಂದರ ಹೊಣೆಯನ್ನು 1989ರಲ್ಲಿ ಅವರು ವಹಿಸಿಕೊಂಡರು. ಮುಂದೆ ಆ ಶಾಲೆಗೆ ಅವರದೇ ಹೆಸರು ಬಂತು.

ಸಹೋದರಿಯರೇ, ಆ ಶಾಲೆಯಲ್ಲಿ ಹುಡುಗರ ಜೊತೆಗೆ ಹುಡುಗಿಯರೂ ಕಲಿತರು ಎಂಬುದು ಈ ಕಥೆಯ ಬಹಳ ಮುಖ್ಯ ಭಾಗ. ಗುಡ್ಡಗಾಡಿನ ಬಡ ತಂದೆಯೊಬ್ಬ ಹಣ ಕೊಟ್ಟು ಒಂದೇ ಮಗುವನ್ನು ಓದಿಸಲು ಸಾಧ್ಯ ಎಂದಾದರೆ ಆರಿಸುವುದು ಯಾರನ್ನು? ಉತ್ತರ ನಮಗೆಲ್ಲರಿಗೂ ಗೊತ್ತು. ಅದಕ್ಕಾಗಿಯೇ ಶುಲ್ಕ ಕಡಿಮೆ ಇರಬೇಕಿತ್ತು. ಶುಲ್ಕ ಕಡಿಮೆಯಾದರೆ ಶಿಕ್ಷಕರ ಸಂಬಳಕ್ಕೆ ಕಷ್ಟ. ಈ ಇಕ್ಕಟ್ಟು ಅವರನ್ನು ಕೊನೆಯ ತನಕ ಕಾಡಿತು. ತಾವು ಅಲ್ಪ ಸಂಬಳದಲ್ಲಿ ಬದುಕಿದರು. ಶಾಲೆಗಾಗಿ ಉಳ್ಳವರ ಮುಂದೆ ಕೈಚಾಚಿದರು.

ಅವರ ದಿನಚರಿ ಸರಳವಾಗಿತ್ತು. ಬೆಳಗ್ಗೆ ಗಂಜಿ, ಒಂದು ಮೊಟ್ಟೆ, ಎರಡು ಕಪ್ ಚಹಾ. ಮತ್ತೆ ಶಾಲೆ. ಅವರು ಮದುವೆಯಾಗಲಿಲ್ಲ.

ತೊಂಬತ್ತೈದು ವರ್ಷವಾಗುವ ತನಕ ಅವರು ಆ ಹೊಣೆ ಹೊತ್ತಿದ್ದರು. ಅನಂತರ ಇಂಗ್ಲೆಂಡಿನ ಕ್ಯಾರಿ ಸ್ಕೋಫೀಲ್ಡ್ ಎಂಬ ಮಹಿಳೆ ಪ್ರಾಂಶುಪಾಲರಾಗಿ ಬಂದರು. 2015ರಲ್ಲಿ ಅವರಿಬ್ಬರ ನಡುವೆ ಶಾಲೆಯ ವಿಷಯದಲ್ಲಿ ಭಿನ್ನಾಭಿಪ್ರಾಯ ಬೀದಿಗೆ ಬಂತು. ಒಳ್ಳೆಯ ವ್ಯಕ್ತಿಯನ್ನು ನೆನೆಯುವಾಗ ಇದನ್ನೇಕೆ ಹೇಳಬೇಕು ಎಂದು ನೀವು ಕೇಳಬಹುದು. ತಾನು ಬೆಳೆಸಿದ್ದನ್ನು ಇನ್ನೊಬ್ಬರ ಕೈಗೆ ಕೊಡುವುದು ದೊಡ್ಡವರಿಗೂ ಸುಲಭವಲ್ಲ. ಸೊಸೆಗೆ ಅಡಿಗೆಮನೆ ಬಿಟ್ಟುಕೊಡುವಾಗ ಅತ್ತೆಯ ಮನಸ್ಸು ಅನುಭವಿಸುವ ಸಂಕಟ ನಮಗೆ ತಿಳಿಯದ್ದೇನಲ್ಲ. ಅದನ್ನೂ ಸೇರಿಸಿಕೊಂಡೇ ಅವರು ಮನುಷ್ಯರು. ಅದರಿಂದ ಅವರು ಕಲಿಸಿದ ಪಾಠ ಕಿರಿದಾಗುವುದಿಲ್ಲ.

ಕೊನೆಯ ವರ್ಷಗಳನ್ನು ಅವರು ಲಾಹೋರಿನಲ್ಲಿ, ತಾವು ಕಲಿಸಿದ್ದ ಎಚಿಸನ್ ಕಾಲೇಜಿನ ಆವರಣದಲ್ಲೇ ಕಳೆದರು. 2019ರ ಜನವರಿ 2ರಂದು, 101ನೇ ವಯಸ್ಸಿನಲ್ಲಿ ನಿಧನರಾದರು. ಸ್ವಂತ ಮಕ್ಕಳಿಲ್ಲದ ಆ ಅಜ್ಜನಿಗಾಗಿ ಮರುಗಿದ ಶಿಷ್ಯರಲ್ಲಿ ಆಗಿನ ಪ್ರಧಾನಿ ಇಮ್ರಾನ್ ಖಾನ್ ಕೂಡ ಒಬ್ಬರು. ಉತ್ತರದ ಗುಡ್ಡಬೆಟ್ಟಗಳಲ್ಲಿ ನಡೆಯುವ ಪ್ರೀತಿಯನ್ನು ತನ್ನಲ್ಲಿ ಬಿತ್ತಿದವರು ಈ ಗುರುಗಳೇ ಎಂದು ಅವರು ನೆನಪಿಸಿಕೊಂಡರು. ಆದರೆ ಪ್ರಧಾನಿಗೆ ಪಾಠ ಹೇಳಿದ್ದಕ್ಕಿಂತಲೂ, ಹಿಮದ ನಡುವಿನ ಊರಿನ ಹೆಣ್ಣುಮಗಳೊಬ್ಬಳಿಗೆ ಲೆಕ್ಕ ಕಲಿಸಿದ್ದೇ ಅವರ ದೊಡ್ಡ ಗಳಿಕೆ ಎಂದು ನನಗನಿಸುತ್ತದೆ. ಪ್ರಧಾನಿಯಾಗುವವನಿಗೆ ಬೇರೆ ಶಿಕ್ಷಕರು ಸಿಗುತ್ತಿದ್ದರು. ಆಕೆಗೆ ಸಿಗುತ್ತಿದ್ದರೇ?

ನಮ್ಮ ಮಕ್ಕಳಲ್ಲಿ ಯಾರಾದರೂ "ನಾನು ಟೀಚರ್ ಆಗುತ್ತೇನೆ" ಎಂದರೆ ಮುಖ ಸಣ್ಣದು ಮಾಡಬೇಡಿ. ಕಲಿಸುವ ಆಸೆ ಇರುವವರು ಆ ದಾರಿ ಹಿಡಿಯಲಿ. ನಿಮ್ಮ ಕೇರಿಯಲ್ಲಿ ತಂದೆಯಿಲ್ಲದ ಮಗುವೊಂದರ ಓದು ನಿಲ್ಲುವ ಹಂತದಲ್ಲಿದ್ದರೆ ಈ ತಿಂಗಳೇ ವಿಚಾರಿಸಿ. ಶುಲ್ಕವೋ ಪುಸ್ತಕವೋ ಸಮವಸ್ತ್ರವೋ, ಯಾವುದರಲ್ಲಿ ಕೈಲಾಗುತ್ತದೋ ಅದರಲ್ಲಿ ನೆರವಾಗಿ. ತಾಯಿಯನ್ನು ಕಳೆದುಕೊಂಡ ಒಬ್ಬ ಹುಡುಗನನ್ನು ಯಾರೋ ಓದಿಸಿದ್ದರಿಂದಲೇ ಚಿತ್ರಾಲಿನ ಮಕ್ಕಳಿಗೆ ಒಬ್ಬ ಮೇಷ್ಟ್ರು ಸಿಕ್ಕಿದರು.