ಗಾಯಗೊಂಡ ಸಾಕುಪ್ರಾಣಿಗಳ ತುರ್ತು ಪ್ರಥಮ ಚಿಕಿತ್ಸೆಗೆ ವ್ಯವಸ್ಥೆ ಕೋರಿ ಮನವಿ ಪತ್ರ

ಇವರಿಗೆ,
ಮಾನ್ಯ ಜಿಲ್ಲಾಧಿಕಾರಿಗಳು ಹಾಗೂ
ಜಿಲ್ಲಾ ಪ್ರಾಣಿ ದಯಾ ಸಂಘದ ಅಧ್ಯಕ್ಷರು,
ದಾವಣಗೆರೆ.

ಇವರಿಂದ,
ದಾವಣಗೆರೆ ನಗರ ಮತ್ತು ಹರಿಹರದ ಸಾಕುಪ್ರಾಣಿ ಪಾಲಕರು ಹಾಗೂ ಕೆಳಗೆ ಸಹಿ ಮಾಡಿರುವ ನಾಗರಿಕರು.

ವಿಷಯ: ಗಾಯಗೊಂಡ ನಾಯಿ, ಬೆಕ್ಕು ಮೊದಲಾದ ಪ್ರಾಣಿಗಳಿಗೆ ಪಶುವೈದ್ಯರನ್ನು ತಲುಪುವ ಮೊದಲು ಸಿಗಬೇಕಾದ ಪ್ರಥಮ ಚಿಕಿತ್ಸೆ, ರಾತ್ರಿ ಪಾಳಿಯ ವೈದ್ಯರು ಮತ್ತು ಸಾಗಣೆ ವ್ಯವಸ್ಥೆ ಕುರಿತು.

ಮಾನ್ಯರೇ,

ಈ ಮೂಲಕ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ, ವಾಹನ ಬಡಿದ, ವಿಷ ತಿಂದ, ಹಾವು ಕಚ್ಚಿದ ಎಷ್ಟೋ ನಾಯಿ ಬೆಕ್ಕುಗಳು ನಮ್ಮೆರಡು ಊರುಗಳಲ್ಲಿ ವೈದ್ಯರ ಮೇಜು ಮುಟ್ಟುವ ಮುಂಚೆಯೇ ಪ್ರಾಣ ಬಿಡುತ್ತಿವೆ. ಅವುಗಳಲ್ಲಿ ಕೆಲವನ್ನು ಯಾರಿಂದಲೂ ಉಳಿಸಲಾಗದು ಎಂಬುದನ್ನು ನಾವು ಬಲ್ಲೆವು. ಆದರೆ ಉಳಿಯಬಹುದಾಗಿದ್ದವೂ ಹೋಗುತ್ತಿವೆ. ಮೊದಲ ಅರ್ಧ ಗಂಟೆಯಲ್ಲಿ ಏನು ಮಾಡಬೇಕೆಂದು ಅಲ್ಲಿ ಸೇರಿದವರಿಗೆ ತಿಳಿದಿರುವುದಿಲ್ಲ, ಯಾರಿಗೆ ಫೋನ್ ಮಾಡಬೇಕೆಂದೂ ಗೊತ್ತಿರುವುದಿಲ್ಲ. ಈ ಮನವಿ ಆ ಅರ್ಧ ಗಂಟೆಯ ಬಗ್ಗೆ.

ಪಿ.ಬಿ. ರಸ್ತೆಯಲ್ಲಿ ಬೈಕ್ ಬಡಿದು ನಾಯಿಯೊಂದು ಬಿದ್ದಾಗ ಏನಾಗುತ್ತದೆ ಎಂಬುದನ್ನು ತಾವೂ ನೋಡಿರಬಹುದು. ಐದಾರು ಜನ ಸೇರುತ್ತಾರೆ. ಅವರ್‍ಯಾರೂ ಕಟುಕರಲ್ಲ. ಒಬ್ಬರು ಬಾಟಲಿ ತಂದು ಅದರ ಬಾಯಿಗೆ ನೀರು ಹೊಯ್ಯುತ್ತಾರೆ. ಎಚ್ಚರ ತಪ್ಪಿದ ಪ್ರಾಣಿಗೆ ಹೊಯ್ದ ನೀರು ಹೊಟ್ಟೆಗೆ ಹೋಗದೆ ಶ್ವಾಸಕೋಶ ಸೇರುತ್ತದೆ. ಇನ್ನೊಬ್ಬರು ಗಾಯಕ್ಕೆ ಕಾಫಿಪುಡಿ ಮೆತ್ತುತ್ತಾರೆ. ಮತ್ತೊಬ್ಬರು ಮುಂಗಾಲು ಹಿಂಗಾಲು ಹಿಡಿದೆತ್ತಿ ಆಟೋದಲ್ಲಿ ಹಾಕುತ್ತಾರೆ. ಬೆನ್ನುಮೂಳೆಗೆ ಪೆಟ್ಟಾಗಿದ್ದರೆ ಆ ಎತ್ತುವಿಕೆಯಲ್ಲೇ ಸೊಂಟದ ಸ್ವಾಧೀನ ಪೂರ್ತಿ ಹೋಗಬಹುದು. ನೋವಿನಲ್ಲಿರುವ ನಾಯಿ ಸಾಕಿದವರನ್ನೂ ಕಚ್ಚುತ್ತದೆ, ಕಚ್ಚಿದ ಕೂಡಲೇ ಜನ ಚದುರುತ್ತಾರೆ. ಅಲ್ಲಿಗೆ ನೆರವು ಮುಗಿಯಿತು.

ಮಾಡಬೇಕಾದ್ದು ಇದಕ್ಕಿಂತ ಸುಲಭ. ಮೂಗು ಚಪ್ಪಟೆಯಿರುವ ಪಗ್‌ನಂಥ ತಳಿಯಲ್ಲದಿದ್ದರೆ, ವಾಂತಿ ಅಥವಾ ಉಸಿರಾಟದ ತೊಂದರೆ ಇರದಿದ್ದರೆ, ಬಟ್ಟೆಪಟ್ಟಿಯಿಂದ ನಾಯಿಯ ಬಾಯಿಯನ್ನು ಸಡಿಲವಾಗಿ ಕಟ್ಟಬೇಕು. ಬೆಕ್ಕಾದರೆ ದಪ್ಪ ಟವೆಲಿನಲ್ಲಿ ಸುತ್ತಬೇಕು. ರಕ್ತ ಸುರಿಯುವ ಜಾಗಕ್ಕೆ ಶುಭ್ರ ಬಟ್ಟೆ ಇಟ್ಟು ಐದು ನಿಮಿಷ ಬಿಡದೆ ಒತ್ತಿ ಹಿಡಿಯಬೇಕು. ಬಟ್ಟೆ ತೊಯ್ದರೆ ಅದನ್ನು ಕೀಳದೆ ಮೇಲೊಂದು ಮಡಿಕೆ ಸೇರಿಸಬೇಕು. ಮುರಿದ ಕಾಲನ್ನು ಎಳೆದು ನೇರ ಮಾಡಲು ಹೋಗಬಾರದು. ಹಲಗೆಯ ಮೇಲೋ ಬಿಗಿಯಾಗಿ ಹಿಡಿದ ಹೊದಿಕೆಯ ಮೇಲೋ ಮಲಗಿಸಿ ಸಾಗಿಸಬೇಕು. ತುಟಿ ಎತ್ತಿ ಒಸಡು ನೋಡುವುದನ್ನು ಪ್ರತಿಯೊಬ್ಬರೂ ಕಲಿಯಬೇಕು. ನಸುಗೆಂಪು ಒಸಡನ್ನು ಬೆರಳಿನಿಂದ ಒತ್ತಿ ಬಿಟ್ಟರೆ ಎರಡು ಸೆಕೆಂಡಿನೊಳಗೆ ಬಣ್ಣ ಮರಳುತ್ತದೆ. ಬಿಳಿಚಿಕೊಂಡೇ ಇದ್ದರೆ ಒಳಗೆ ರಕ್ತ ಸೋರುತ್ತಿರಬಹುದು. ಹೊರಗೆ ಗಾಯವೇ ಕಾಣದಿದ್ದರೂ ಆಗ ತಡಮಾಡುವಂತಿಲ್ಲ. ಇದಕ್ಕೆ ಪದವಿ ಬೇಕಿಲ್ಲ, ಯಾರಾದರೂ ಒಮ್ಮೆ ಕೈಹಿಡಿದು ತೋರಿಸಿಕೊಟ್ಟರೆ ಸಾಕು.

ವಿಷದ ವಿಚಾರ ನಮ್ಮ ಜಿಲ್ಲೆಯಲ್ಲಿ ಇನ್ನೂ ಗಂಭೀರ. ಸುತ್ತ ಮೆಕ್ಕೆಜೋಳದ ಹೊಲ, ಭದ್ರಾ ಅಚ್ಚುಕಟ್ಟಿನ ಗದ್ದೆ. ಊರೊಳಗೆ ಅಕ್ಕಿ ಗಿರಣಿ, ಗೋದಾಮು. ಕೀಟನಾಶಕವೂ ಇಲಿ ಪಾಷಾಣವೂ ಇಲ್ಲಿ ಮನೆಮನೆಯ ಸರಕು. ಬ್ರೊಮಾಡಿಯೋಲೋನ್ ಇರುವ ಇಲಿ ಬಿಲ್ಲೆ ತಿಂದ ನಾಯಿ ಎರಡು ಮೂರು ದಿನ ಆಡಿಕೊಂಡೇ ಇರುತ್ತದೆ. ಆಮೇಲೆ ರಕ್ತ ಹೆಪ್ಪುಗಟ್ಟುವ ಶಕ್ತಿ ಕುಂದಿ ಮೂಗಿನಿಂದ, ಮೂತ್ರದಲ್ಲಿ ರಕ್ತ ಕಾಣಿಸುತ್ತದೆ. ತಿಂದ ದಿನವೇ ವೈದ್ಯರಿಗೆ ತಿಳಿಸಿದರೆ ವಿಟಮಿನ್ ಕೆ1 ಕೊಟ್ಟು ಉಳಿಸಬಹುದು, ಆದರೆ ಚೆನ್ನಾಗಿಯೇ ಇದೆಯಲ್ಲ ಎಂದು ಮನೆಯವರು ಸುಮ್ಮನಾಗುತ್ತಾರೆ. ಜಿಂಕ್ ಫಾಸ್ಫೈಡ್‌ನ ಕಥೆ ಬೇರೆ. ವಿಷ ಇಳಿಯಲೆಂದು ಹಾಲು, ಅನ್ನ ತಿನ್ನಿಸಿದರೆ ಹೊಟ್ಟೆಯಲ್ಲಿ ಆಮ್ಲ ಹೆಚ್ಚಿ ಫಾಸ್ಫೀನ್ ಅನಿಲ ಇನ್ನಷ್ಟು ಹುಟ್ಟುತ್ತದೆ. ಪ್ರಾಣಿ ವಾಂತಿ ಮಾಡಿಕೊಂಡರೆ ಆ ಅನಿಲ ಕಾರಿನಲ್ಲಿ ಕೂತವರಿಗೂ ಅಪಾಯ, ಕಿಟಕಿ ತೆರೆದೇ ಹೋಗಬೇಕು. ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವ ರೂಢಿಯಂತೂ ನಿಲ್ಲಲೇಬೇಕು, ಏಕೆಂದರೆ ಆ ಉಪ್ಪೇ ಕೊಲ್ಲಬಲ್ಲದು. ವಿಷದ ಪೊಟ್ಟಣವನ್ನು ಜೊತೆಗೆ ಒಯ್ಯಿರಿ ಎಂಬ ಒಂದು ಮಾತು ಜನರಿಗೆ ತಲುಪಿದರೂ ವೈದ್ಯರ ಅರ್ಧ ಕೆಲಸ ಹಗುರಾಗುತ್ತದೆ. ಹಾಗೆಯೇ ಜ್ವರ ಬಂದ ಬೆಕ್ಕಿಗೆ ಮನೆಯಲ್ಲಿದ್ದ ಪ್ಯಾರಾಸಿಟಮಾಲ್ ಮಾತ್ರೆ ಕೊಡುವುದೂ ನಿಲ್ಲಬೇಕು. ಬೆಕ್ಕಿನ ಯಕೃತ್ತು ಆ ಔಷಧವನ್ನು ಕರಗಿಸಿ ಹೊರಹಾಕಲಾರದು, 500 ಮಿಲಿಗ್ರಾಂನ ಒಂದೇ ಮಾತ್ರೆ ಅದಕ್ಕೆ ಮರಣಾಂತಕ. ಪ್ರೀತಿಯಿಂದ ಕೊಟ್ಟ ಮಾತ್ರೆ ಹೀಗಾಗಬಾರದು.

ಹಾವು ಕಚ್ಚಿದಾಗ ಬಿಗಿಯಾಗಿ ಕಟ್ಟುವುದು, ಕೊಯ್ಯುವುದು ಎರಡೂ ತಪ್ಪು. ಪ್ರಾಣಿಯನ್ನು ಓಡಾಡಲು ಬಿಡದೆ ಎತ್ತಿಕೊಂಡೇ ಒಯ್ಯಬೇಕು. ಮನುಷ್ಯರಿಗೆ ಕೊಡುವ ಪ್ರತಿವಿಷವನ್ನೇ ಪ್ರಾಣಿಗಳಿಗೂ ಕೊಡುತ್ತಾರೆ. ಮಾರ್ಚ್‌ನಿಂದ ಮೇ ತನಕದ ನಮ್ಮ ಬಿಸಿಲಿನಲ್ಲಿ ಶಾಖಾಘಾತಕ್ಕೆ ಸಿಕ್ಕ ನಾಯಿಗೆ ಮೊದಲು ಮೈಮೇಲೆ ನಲ್ಲಿ ನೀರು ಸುರಿದು ಗಾಳಿ ಹಾಕಬೇಕು, ಆಮೇಲೆ ಪ್ರಯಾಣ.

ಇಷ್ಟೆಲ್ಲ ಮಾಡಿದ ಮೇಲೂ ಉಳಿಯುವ ಪ್ರಶ್ನೆ ಎಲ್ಲಿಗೆ ಒಯ್ಯುವುದು ಎಂಬುದು. ಹಗಲಿನಲ್ಲಿ ಹೇಗೋ ಆಗುತ್ತದೆ. ರಾತ್ರಿ ಹತ್ತರ ಮೇಲೆ, ಭಾನುವಾರ, ಹಬ್ಬದ ದಿನ ನಾವು ಪರಿಚಯದವರ ಪರಿಚಯ ಹಿಡಿದು ಒಂದೊಂದೇ ನಂಬರಿಗೆ ಫೋನ್ ಮಾಡುತ್ತಾ ಕೂರುತ್ತೇವೆ. ಹರಿಹರದವರ ಪಾಡು ಇನ್ನೂ ಕಷ್ಟ. ಅಲ್ಲಿಂದ ದಾವಣಗೆರೆ ಸುಮಾರು 14 ಕಿಲೋಮೀಟರ್. ಇಲ್ಲಿಗೆ ಬಂದ ಮೇಲೆ ವೈದ್ಯರು ಸಿಗುತ್ತಾರೆಂಬ ಭರವಸೆಯಿಲ್ಲ. ತುಂಗಭದ್ರೆಯ ಆಚೆ ದಡದ ಕುಮಾರಪಟ್ಟಣದ ಜನ ಹಾವೇರಿ ಜಿಲ್ಲೆಗೆ ಸೇರಿದವರಾದರೂ ಅವರಿಗೆ ಹತ್ತಿರದ ಊರು ಹರಿಹರವೇ.

ಕಾನೂನು ಈ ವಿಷಯದಲ್ಲಿ ಮೌನವಾಗಿಲ್ಲ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 3ನೇ ಕಲಂ ಪ್ರಾಣಿಯನ್ನು ಸಾಕಿದವರ ಮೇಲೆ ಅದರ ಕ್ಷೇಮದ ಹೊಣೆ ಹೊರಿಸಿದೆ. ಆ ಹೊಣೆಯನ್ನು ನಾವು ಒಪ್ಪಿಕೊಂಡಿದ್ದೇವೆ, ಅದರಿಂದ ನುಣುಚಿಕೊಳ್ಳಲು ಈ ಪತ್ರ ಬರೆಯುತ್ತಿಲ್ಲ. ಅದೇ ಕಾಯ್ದೆಯಡಿ ಬಂದ 2001ರ ನಿಯಮಗಳು ಪ್ರತಿ ಜಿಲ್ಲೆಯಲ್ಲೂ ಪ್ರಾಣಿ ದಯಾ ಸಂಘ ಇರಬೇಕು, ಪ್ರಾಣಿಗಳ ಚಿಕಿತ್ಸಾಲಯಕ್ಕೆ ಸರ್ಕಾರ ಜಾಗ ಕೊಡಬೇಕು, ಅಲ್ಲಿ ಪೂರ್ಣಾವಧಿ ಪಶುವೈದ್ಯರು ಇರಬೇಕು ಎನ್ನುತ್ತವೆ. ತಾವು ಆ ಸಂಘದ ಅಧ್ಯಕ್ಷರಾಗಿರುವುದರಿಂದಲೇ ನೇರವಾಗಿ ತಮ್ಮ ಮುಂದೆ ಬಂದಿದ್ದೇವೆ.

ಆದ್ದರಿಂದ ನಮ್ಮ ಮೊದಲ ಹಾಗೂ ಮುಖ್ಯ ಬೇಡಿಕೆ ರಾತ್ರಿ ಪಾಳಿ. ದಾವಣಗೆರೆಯಲ್ಲಿ ಒಬ್ಬರು, ಹರಿಹರದಲ್ಲಿ ಒಬ್ಬರು ಪಶುವೈದ್ಯರು ಸರದಿಯ ಮೇಲೆ ರಾತ್ರಿ ಮತ್ತು ರಜಾದಿನಗಳಲ್ಲಿ ಲಭ್ಯರಿರಬೇಕು. ಖಾಸಗಿ ವೈದ್ಯರನ್ನೂ ಗೌರವಧನ ಕೊಟ್ಟು ಸರದಿಗೆ ಸೇರಿಸಿಕೊಳ್ಳಬಹುದು. ಶುಲ್ಕ ನಿಗದಿಪಡಿಸಿದರೆ ನಾವು ಕೊಡಲು ಸಿದ್ಧ, ಕೊಡಲಾಗದವರ ಪ್ರಾಣಿಗಳಿಗೂ ಬೀದಿ ಪ್ರಾಣಿಗಳಿಗೂ ಸಂಘದ ನಿಧಿಯಿಂದ ಭರಿಸಲಿ. ಎರಡೂ ಊರುಗಳಿಗೆ ಒಂದೇ ದೂರವಾಣಿ ಸಂಖ್ಯೆ ಇರಲಿ. ಫೋನ್ ಎತ್ತಿದವರು ವೈದ್ಯರ ಹೆಸರು ಹೇಳಿ ಇಟ್ಟುಬಿಡದೆ, ದಾರಿಯುದ್ದಕ್ಕೂ ಏನು ಮಾಡಬೇಕೆಂದು ಕನ್ನಡದಲ್ಲಿ ಹೇಳಿಕೊಡುವಂತಿರಬೇಕು. ನದಿ ದಾಟಿ ಬಂದ ಪ್ರಾಣಿಯನ್ನು ಬೇರೆ ಜಿಲ್ಲೆಯದೆಂದು ವಾಪಸ್ ಕಳಿಸುವಂತಾಗಬಾರದು.

1962 ಸಹಾಯವಾಣಿಯ ಸಂಚಾರಿ ಪಶು ಚಿಕಿತ್ಸಾ ವಾಹನಗಳು ಲಕ್ಷ ಜಾನುವಾರುಗಳಿಗೆ ಒಂದರಂತೆ, ಒಬ್ಬ ವೈದ್ಯ, ಒಬ್ಬ ಸಹಾಯಕ, ಒಬ್ಬ ಚಾಲಕನೊಂದಿಗೆ ರೂಪುಗೊಂಡಿವೆ. ರೈತರ ದನಕರುಗಳ ಪಾಲನ್ನು ಕಿತ್ತು ನಮಗೆ ಕೊಡಿ ಎಂದು ನಾವು ಕೇಳುವುದಿಲ್ಲ. ಕೆಚ್ಚಲು ಬಾವಿನಿಂದ ನರಳುವ ಹಸುವಿನ ಮುಂದೆ ನಮ್ಮ ನಾಯಿಯ ಕಾಲುನೋವು ಕಾಯಬಲ್ಲದು. ಆದರೆ ನಗರ ವ್ಯಾಪ್ತಿಯ ನಾಯಿ ಬೆಕ್ಕುಗಳ ಅಪಘಾತಕ್ಕೆ ಈ ವಾಹನ ಬರುತ್ತದೆಯೋ ಇಲ್ಲವೋ, ಯಾವ ಹೊತ್ತಿನಲ್ಲಿ ಬರುತ್ತದೆ ಎಂಬುದನ್ನು ಲಿಖಿತವಾಗಿ ಪ್ರಕಟಿಸಬೇಕು. ಬರುವುದಿಲ್ಲವಾದರೆ ಮಹಾನಗರ ಪಾಲಿಕೆಯೂ ಹರಿಹರ ನಗರಸಭೆಯೂ ಸ್ಟ್ರೆಚರ್ ಇರುವ ಒಂದೊಂದು ಸಣ್ಣ ವಾಹನ ಒದಗಿಸಬೇಕು.

ತರಬೇತಿಯನ್ನು ಪೌರಕಾರ್ಮಿಕರು, ಆಟೋ ಚಾಲಕರು, 112 ವಾಹನದ ಪೊಲೀಸ್ ಸಿಬ್ಬಂದಿಯಿಂದ ಆರಂಭಿಸಬೇಕು, ಏಕೆಂದರೆ ಬೀದಿಯಲ್ಲಿ ಬಿದ್ದ ಪ್ರಾಣಿಯನ್ನು ಮೊದಲು ಕಾಣುವವರು ಅವರೇ. ಪಕ್ಕದ ಶಿವಮೊಗ್ಗದಲ್ಲಿ ಪಶುವೈದ್ಯಕೀಯ ಮಹಾವಿದ್ಯಾಲಯ ಇದೆ. ಅಲ್ಲಿನ ಅಧ್ಯಾಪಕರನ್ನು ಆಹ್ವಾನಿಸಿ ಅರ್ಧ ದಿನದ ಪ್ರಾತ್ಯಕ್ಷಿಕೆ ನಡೆಸಬಹುದು. ನಮ್ಮ ಜಿಲ್ಲಾ ಪೊಲೀಸರ ಶ್ವಾನ ತುಂಗಾ-2, 2024ರ ಜುಲೈನಲ್ಲಿ ಮಳೆಯ ರಾತ್ರಿ ಎಂಟು ಕಿಲೋಮೀಟರ್ ಓಡಿ ಕೊಲೆ ಆರೋಪಿಯನ್ನು ಹಿಡಿದುಕೊಟ್ಟು ಒಬ್ಬ ಮಹಿಳೆಯ ಜೀವ ಉಳಿಸಿದ್ದನ್ನು ಇಡೀ ನಾಡು ಕೊಂಡಾಡಿತು. ಅಂಥ ಶ್ವಾನಗಳಿರುವ ಇಲಾಖೆಗೆ ಈ ತರಬೇತಿಯ ಬೆಲೆ ಬಿಡಿಸಿ ಹೇಳಬೇಕಿಲ್ಲ. ನೆರವಿಗೆ ಕೈ ಹಾಕುವವರಿಗೆ ರೇಬೀಸ್ ವಿರುದ್ಧ ಮುಂಜಾಗ್ರತಾ ಲಸಿಕೆಯನ್ನು ಉಚಿತವಾಗಿ ಕೊಡಿಸಬೇಕು. ಕಚ್ಚಿದರೆ ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅದೇ ದಿನ ಆಸ್ಪತ್ರೆಗೆ ಹೋಗಬೇಕೆಂಬುದನ್ನು ತರಬೇತಿಯ ಮೊದಲ ಪಾಠ ಮಾಡಬೇಕು.

ಬಸ್ ನಿಲ್ದಾಣ, ಪಾಲಿಕೆಯ ವಲಯ ಕಚೇರಿ, ಪೊಲೀಸ್ ಠಾಣೆಗಳಲ್ಲಿ ಗಾಜ್, ಅಗಲ ಪಟ್ಟಿ, ಟವೆಲ್, ಕೈಗವಸು, ಮಡಚುವ ಹಲಗೆ ಇರುವ ಪೆಟ್ಟಿಗೆ ಇಡಿಸಿ. ಪಶು ಆಸ್ಪತ್ರೆಗಳ ಹೊರಗೋಡೆಯ ಮೇಲೆ ಬಾಗಿಲು ಮುಚ್ಚಿದ ಹೊತ್ತಿನಲ್ಲೂ ಓದುವಂತೆ ಆ ವಾರದ ಪಾಳಿ ವೈದ್ಯರ ಸಂಖ್ಯೆಯನ್ನು ಕನ್ನಡ ಮತ್ತು ಉರ್ದುವಿನಲ್ಲಿ ಬರೆಸಿ. ಇದಕ್ಕೆ ಬೇಕಾದದ್ದು ಒಂದು ಹಲಗೆ, ಒಂದು ಸೀಮೆಸುಣ್ಣ. ನಾಳೆಯೇ ಆಗಬಹುದಾದ ಕೆಲಸ.

ಈ ಬಗ್ಗೆ 30 ದಿನಗಳೊಳಗೆ ಪಶುಪಾಲನಾ ಇಲಾಖೆ, ಪಾಲಿಕೆ, ನಗರಸಭೆ, ಪೊಲೀಸ್ ಇಲಾಖೆ ಹಾಗೂ ನಮ್ಮ ಪ್ರತಿನಿಧಿಗಳ ಸಭೆ ಕರೆದು, ಕೈಗೊಂಡ ತೀರ್ಮಾನವನ್ನು ಲಿಖಿತವಾಗಿ ತಿಳಿಸಬೇಕೆಂದು ಕೋರುತ್ತೇವೆ. ತರಬೇತಿಗೆ ಜನರನ್ನು ಸೇರಿಸುವುದು, ಪೆಟ್ಟಿಗೆಗಳನ್ನು ತಿಂಗಳಿಗೊಮ್ಮೆ ತಪಾಸಣೆ ಮಾಡಿ ತುಂಬಿಸುವುದು, ರಾತ್ರಿ ದೂರವಾಣಿಗೆ ಸ್ವಯಂಸೇವಕರನ್ನು ಒದಗಿಸುವುದು ನಮ್ಮ ಹೊಣೆ.



ಇಂತಿ ತಮ್ಮ ವಿಶ್ವಾಸಿಗಳು,
ದಾವಣಗೆರೆ ಮತ್ತು ಹರಿಹರದ ನಾಗರಿಕರು
(ಸಹಿಗಳನ್ನು ಲಗತ್ತಿಸಿದೆ)

ಪ್ರತಿಗಳು: ಉಪನಿರ್ದೇಶಕರು, ಪಶುಪಾಲನೆ ಮತ್ತು ಪಶುವೈದ್ಯಕೀಯ ಸೇವಾ ಇಲಾಖೆ, ದಾವಣಗೆರೆ, ಆಯುಕ್ತರು, ಮಹಾನಗರ ಪಾಲಿಕೆ, ದಾವಣಗೆರೆ, ಪೌರಾಯುಕ್ತರು, ನಗರಸಭೆ, ಹರಿಹರ, ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗಳು, ದಾವಣಗೆರೆ.