ಪೊಟರೆ ಇಲ್ಲದ ಕಾಡಿಗೆ ಪೆಟ್ಟಿಗೆಯ ಜೇಡ

2021ರ ಜುಲೈ ಆರಂಭದಲ್ಲಿ ಚೆನ್ನೈನ ವಿದೇಶಿ ಅಂಚೆ ಕಚೇರಿಗೆ ಪೋಲೆಂಡ್‌ನಿಂದ ಪಾರ್ಸೆಲ್ಲೊಂದು ಬಂತು. ಅದು ತಲುಪಬೇಕಾಗಿದ್ದುದು ತಮಿಳುನಾಡಿನ ಅರುಪ್ಪುಕೋಟೈಗೆ. ಅನುಮಾನ ಬಂದು ಕಸ್ಟಮ್ಸ್‌ನವರು ಬಿಚ್ಚಿದರು. ಒಳಗೆ ಬೆಳ್ಳಿ ಹಾಳೆ ಮತ್ತು ಹತ್ತಿಯಲ್ಲಿ ಸುತ್ತಿದ ಪುಟ್ಟ ಪುಟ್ಟ ಪ್ಲಾಸ್ಟಿಕ್ ಸೀಸೆಗಳಿದ್ದವು, ಒಂದೊಂದರಲ್ಲೂ ಜೀವಂತ ಜೇಡ. ಎಣಿಸಿದರೆ 107. ಅಮೆರಿಕ ಖಂಡದ ಟರಾಂಟುಲಾಗಳೆಂದು ತಜ್ಞರು ಗುರುತಿಸಿದ ಮೇಲೆ ಅವನ್ನು ಬಂದ ದಾರಿಯಲ್ಲೇ ಪೋಲೆಂಡಿಗೆ ವಾಪಸ್ ಕಳಿಸಲಾಯಿತು.

ಯುರೋಪಿನಿಂದ ಇಲ್ಲಿಗೆ ಜೇಡ ತರಿಸುವವರು ಇದ್ದಾರೆ ಎಂಬುದು ಅನೇಕರಿಗೆ ಹೊಸ ಸುದ್ದಿಯಾಗಿತ್ತು. ಇಲ್ಲಿಂದ ಅಲ್ಲಿಗೆ ಹೋದ ಜೇಡಗಳ ಕಥೆ ಅದಕ್ಕಿಂತ ಹಳೆಯದು, ಅದಕ್ಕಿಂತ ದೊಡ್ಡದು. ಪೊಸಿಲೊಥೇರಿಯಾ ಎಂಬ ಕುಲದ ಮರಜೇಡಗಳ ಮೂಲ ಮನೆ ಭಾರತ ಮತ್ತು ಶ್ರೀಲಂಕಾ ಮಾತ್ರ. ಜಗತ್ತಿನ ಬೇರೆಲ್ಲೂ ಅವು ಕಾಡಿನಲ್ಲಿಲ್ಲ. ಆದರೆ ಜರ್ಮನಿ, ಬ್ರಿಟನ್, ಅಮೆರಿಕದ ಹವ್ಯಾಸಿಗಳ ಕೋಣೆಗಳಲ್ಲಿ ಅವು ವರ್ಷವರ್ಷವೂ ಮರಿ ಹಾಕುತ್ತಿವೆ. 1895ರಲ್ಲಿ ಬ್ರಿಟಿಷ್ ವಿಜ್ಞಾನಿ ಆರ್.ಐ. ಪೊಕಾಕ್ ವಿವರಿಸಿದ ಪೊಸಿಲೊಥೇರಿಯಾ ಸ್ಟ್ರಿಯಾಟಾ ಅಲ್ಲಿನ ಮಾರಾಟಗಾರರ ಪಟ್ಟಿಯಲ್ಲಿ ಮೈಸೂರಿನ ಹೆಸರಿನಲ್ಲೇ ಬಿಕರಿಯಾಗುತ್ತದೆ. ಮೈಸೂರು ಪಾಕ್, ಮೈಸೂರು ಸಿಲ್ಕಿನ ಸಾಲಿಗೆ ಇದೂ ಸೇರಿದ್ದು ಇಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲ.

ಈ ಕುಲದಲ್ಲಿ ಅತಿ ಪ್ರಸಿದ್ಧವಾದದ್ದು ಗುತ್ತಿಯ ನೀಲಿ ಜೇಡ. ಸೊರಬದ ಚಂದ್ರಗುತ್ತಿಯಲ್ಲ, ಬಳ್ಳಾರಿಗೆ ನೆರೆಯ ಅನಂತಪುರ ಜಿಲ್ಲೆಯ ಗುತ್ತಿ. ಅಲ್ಲಿನ ರೈಲ್ವೆ ನಾಟಾ ಅಂಗಳದಲ್ಲಿ ಸಿಕ್ಕ ಒಂದೇ ಒಂದು ಜೇಡವನ್ನು ಇಟ್ಟುಕೊಂಡು ಪೊಕಾಕ್ 1899ರಲ್ಲಿ ಅದಕ್ಕೆ ಮೆಟಾಲಿಕಾ ಎಂದು ಹೆಸರಿಟ್ಟರು. ಆಮೇಲೆ ನೂರು ವರ್ಷ ಅದರ ಸುಳಿವೇ ಇಲ್ಲ. 2001ರಲ್ಲಿ ಗುತ್ತಿಯಿಂದ ಸುಮಾರು ನೂರು ಕಿಲೊಮೀಟರ್ ಪೂರ್ವಕ್ಕೆ, ನಂದ್ಯಾಲ ಮತ್ತು ಗಿದ್ದಲೂರಿನ ನಡುವಿನ ನಲ್ಲಮಲ ಬೆಟ್ಟದ ಕಾಡಿನಲ್ಲಿ ಮತ್ತೆ ಕಂಡಿತು. ಮರದ ದಿಮ್ಮಿಯ ಜೊತೆ ರೈಲು ಹತ್ತಿ ಗುತ್ತಿಗೆ ಬಂದಿದ್ದ ಪ್ರಯಾಣಿಕ ಅದು ಎಂಬ ಊಹೆಗೆ ಬಲ ಬಂತು. ಕೆಲವೇ ವರ್ಷಗಳಲ್ಲಿ ಅದರ ಮರಿಗಳು ಪಶ್ಚಿಮದ ಮಾರುಕಟ್ಟೆಯಲ್ಲಿ ನೂರಾರು ಡಾಲರ್‌ಗೆ ಮಾರಾಟವಾಗುತ್ತಿದ್ದವು. 2008ರಲ್ಲಿ ಅಂತಾರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ ಐಯುಸಿಎನ್ ಈ ಜೇಡವನ್ನು ಅಳಿವಿನ ತೀರಾ ಅಂಚಿನಲ್ಲಿರುವ ಜೀವಿಗಳ ಪಟ್ಟಿಗೆ ಸೇರಿಸಿತು. ಕೊಟ್ಟ ಕಾರಣಗಳು ಎರಡು: ಕಾಡು ಕ್ಷೀಣಿಸುತ್ತಿರುವುದು ಮತ್ತು ಸಾಕುವವರಿಗಾಗಿ ಹಿಡಿಯುತ್ತಿರುವುದು.

ಹಿಡಿದದ್ದು ತಪ್ಪು, ಸಾಕಿದ್ದರಲ್ಲಿ ಜಾಣತನವಿದೆ. ಎರಡನ್ನೂ ಒಪ್ಪಿಕೊಂಡೇ ಮುಂದೆ ಹೋಗಬೇಕು.

ಮರಜೇಡವನ್ನು ಸಾಕುವುದು ಹೊರನೋಟಕ್ಕೆ ಸುಲಭ. ಅಗಲಕ್ಕಿಂತ ಎತ್ತರ ಹೆಚ್ಚಿರುವ ಗಾಜಿನ ಪೆಟ್ಟಿಗೆ, ಒಳಗೆ ನೆಟ್ಟಗೆ ನಿಲ್ಲಿಸಿದ ಟೊಳ್ಳು ತೊಗಟೆ, ತಳಕ್ಕೆ ತೆಂಗಿನ ನಾರಿನ ಪುಡಿ, ಚಿಕ್ಕ ಬಟ್ಟಲಲ್ಲಿ ನೀರು, ಆಗಾಗ ಒಂದು ಜಿರಲೆ. ತೇವ ಬೇಕು, ಆದರೆ ಗಾಳಿಯಾಡದಿದ್ದರೆ ಬೂಷ್ಟು ಹಿಡಿದು ಜೇಡ ಸಾಯುತ್ತದೆ. ಕಷ್ಟ ಶುರುವಾಗುವುದು ಜೋಡಿ ಮಾಡುವಾಗ. ಪ್ರಾಯಕ್ಕೆ ಬಂದ ಗಂಡು ಮೊದಲು ಪುಟ್ಟದೊಂದು ಬಲೆ ನೇಯುತ್ತದೆ, ಅದರ ಮೇಲೆ ವೀರ್ಯ ಹನಿಸಿ, ಬಾಯಿ ಪಕ್ಕದ ಕಿರುಗಾಲುಗಳ ತುದಿಯಲ್ಲಿ ಹೀರಿಟ್ಟುಕೊಳ್ಳುತ್ತದೆ. ನಂತರ ಹೆಣ್ಣಿನ ಗೂಡಿನ ಬಾಗಿಲಲ್ಲಿ ಕಾಲಿನಿಂದ ತಟ್ಟಿ ಕಾಯುತ್ತದೆ. ಹೆಣ್ಣು ಒಪ್ಪಿದರೆ ಸಂಸಾರ, ಇಲ್ಲದಿದ್ದರೆ ಗಂಡೇ ಊಟ. ಒಪ್ಪಿದ ಮೇಲೂ ನಂಬಿಕೆಯಿಲ್ಲ. ಮೊಟ್ಟೆಯಿಡುವ ಮೊದಲೇ ಹೆಣ್ಣು ಪೊರೆ ಕಳಚಿದರೆ, ವೀರ್ಯ ಕೂಡಿಟ್ಟ ಚೀಲದ ಒಳಪದರವೂ ಪೊರೆಯ ಜೊತೆಗೇ ಹೋಗುತ್ತದೆ. ಮತ್ತೆ ಮೊದಲಿನಿಂದ ಶುರು. ಅಷ್ಟರಲ್ಲಿ ಗಂಡಿನ ಆಯುಸ್ಸು ತೀರಿರುತ್ತದೆ. ಹೆಣ್ಣು ಹತ್ತು ವರ್ಷ ದಾಟಿ ಬದುಕಬಲ್ಲದು, ಗಂಡಿಗೆ ಅದರ ಮೂರನೇ ಒಂದು ಪಾಲು ಸಿಕ್ಕರೆ ಹೆಚ್ಚು.

ಮೊಟ್ಟೆಚೀಲ ಕಟ್ಟಿತೆಂದರೆ ಅದರಲ್ಲಿ ನೂರರ ಆಸುಪಾಸು ಮೊಟ್ಟೆ. ಗಾಬರಿಯಾದರೆ ತಾಯಿ ತಾನೇ ಅದನ್ನು ತಿಂದುಬಿಡುತ್ತದೆ. ಹಾಗಾಗಿ ಅನುಭವಿಗಳು ಒಂದು ತಿಂಗಳ ನಂತರ ಚೀಲವನ್ನು ಹುಷಾರಾಗಿ ತೆಗೆದು, ಹದವಾದ ಬೆಚ್ಚಗಿನಲ್ಲಿಟ್ಟು, ದಿನವೂ ಹೊರಳಿಸುತ್ತ ಮರಿ ಮಾಡಿಸುತ್ತಾರೆ. ಕಾಡಿನಲ್ಲಿ ಇದಕ್ಕೆ ವ್ಯತಿರಿಕ್ತ. ಒಂದೇ ಪೊಟರೆಯಲ್ಲಿ ತಾಯಿ ಮತ್ತು ಬೆಳೆಯುತ್ತಿರುವ ಮರಿಗಳು ಒಟ್ಟಿಗಿರುವುದು ಈ ಕುಲದ ವಿಶೇಷ. ಹೆಚ್ಚಿನ ಟರಾಂಟುಲಾಗಳು ಒಂಟಿ ಬಾಳಿನವು, ಇವು ಕೂಡುಕುಟುಂಬದವು. ಮೈಮೇಲೆ ಕೈಯಾಡಿಸುವ ಮುದ್ದಿನ ಪ್ರಾಣಿಯಂತೂ ಅಲ್ಲವೇ ಅಲ್ಲ. ಮಿಂಚಿನಂತೆ ಓಡುತ್ತವೆ, ಮೂಲೆಗೆ ಸಿಕ್ಕರೆ ಕಚ್ಚುತ್ತವೆ. ಕಚ್ಚಿಸಿಕೊಂಡು ಸತ್ತವರಿಲ್ಲ, ಆದರೆ ಸ್ನಾಯುಸೆಳೆತ ಗಂಟೆಗಳ ಬಳಿಕ ಶುರುವಾಗಿ ಕೆಲವರಿಗೆ ವಾರಗಟ್ಟಲೆ ಕಾಡಿದ್ದುಂಟು.

ಇಷ್ಟೆಲ್ಲ ತಾಳ್ಮೆಯಿಂದ ಕಲಿತ ಹವ್ಯಾಸಿಗಳ ವಾದ ಹೀಗಿದೆ: ಪೆಟ್ಟಿಗೆಯಲ್ಲಿ ಹುಟ್ಟಿದ ಮರಿ ಅಗ್ಗಕ್ಕೆ ಸಿಕ್ಕರೆ ಕಾಡಿನಿಂದ ಯಾರೂ ಕದಿಯುವುದಿಲ್ಲ, ಕಾಡೇ ನಾಶವಾದರೂ ಜಾತಿ ಉಳಿಯುತ್ತದೆ. ವಾದದ ಮೊದಲರ್ಧದಲ್ಲಿ ಸತ್ಯವಿದೆ. ಗುತ್ತಿ ಜೇಡದ ಮರಿಯ ಬೆಲೆ ಈಗ ಹತ್ತಾರು ಡಾಲರ್‌ಗೆ ಇಳಿದಿದೆ, ಅಷ್ಟಕ್ಕಾಗಿ ನಲ್ಲಮಲ ಹತ್ತುವ ಅಗತ್ಯ ಯುರೋಪಿನ ವ್ಯಾಪಾರಿಗಿಲ್ಲ. ಆದರೆ ಸಂಗ್ರಹದ ಚಟಕ್ಕೆ ಬೇಕಾದುದು ಅಗ್ಗದ ಹಳತಲ್ಲ, ಯಾರ ಬಳಿಯೂ ಇಲ್ಲದ ಹೊಸತು. ಅಂತರ್ಜಾಲದ ಮಾರಾಟ ತಾಣಗಳನ್ನು ಜಾಲಾಡಿ 2022ರಲ್ಲಿ ಪ್ರಕಟವಾದ ಅಧ್ಯಯನವೊಂದು 1,264 ಪ್ರಭೇದದ ಜೇಡ, ಚೇಳು ಮತ್ತಿತರ ಅಷ್ಟಪದಿಗಳು ವ್ಯಾಪಾರದಲ್ಲಿವೆ ಎಂದು ಲೆಕ್ಕ ಹಾಕಿತು. ವಿಜ್ಞಾನಿಗಳು ಹೊಸ ಪ್ರಭೇದಕ್ಕೆ ಹೆಸರಿಟ್ಟು ಸಿಕ್ಕ ಜಾಗ ಬರೆದ ಕೂಡಲೇ ಅದು ಕಳ್ಳರಿಗೆ ದಾರಿ ತೋರುವ ಕೈಮರವಾಗುವ ಅಪಾಯದ ಬಗ್ಗೆ ಜೀವಿವಿಜ್ಞಾನಿಗಳೇ ಎಚ್ಚರಿಸಿದ್ದಾರೆ. ವನ್ಯಜೀವಿಗಳ ಅಂತಾರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಒಪ್ಪಂದವಾದ ಸೈಟಿಸ್‌ನ ಜಿನೀವಾ ಸಮ್ಮೇಳನ 2019ರ ಆಗಸ್ಟ್‌ನಲ್ಲಿ ಪೊಸಿಲೊಥೇರಿಯಾ ಕುಲವನ್ನು ಇಡಿಯಾಗಿ, ಪರವಾನಗಿಯಿದ್ದರಷ್ಟೇ ವ್ಯಾಪಾರ ಮಾಡಬಹುದಾದ ಎರಡನೇ ಅನುಬಂಧಕ್ಕೆ ಸೇರಿಸಿದ್ದು ಸುಮ್ಮನೆ ಅಲ್ಲ.

ವಾದದ ಎರಡನೆಯ ಅರ್ಧ ಪೂರ್ತಿ ಪೊಳ್ಳು. ಹವ್ಯಾಸಿಯ ಪೆಟ್ಟಿಗೆಯಲ್ಲಿರುವ ಜೇಡದ ಅಜ್ಜಿ ಯಾವ ಕಾಡಿನದೆಂದು ಹೇಳುವ ದಾಖಲೆ ಸಾಮಾನ್ಯವಾಗಿ ಇರುವುದಿಲ್ಲ. ಹತ್ತಿರದ ಪ್ರಭೇದಗಳು ಬೆರೆತು ಹುಟ್ಟಿದ ಮರಿಗಳೂ ಮಾರುಕಟ್ಟೆಯಲ್ಲಿವೆ. ಅಂಥವನ್ನು ತಂದು ನಲ್ಲಮಲದಲ್ಲೋ ಮಲೆನಾಡಿನಲ್ಲೋ ಬಿಟ್ಟರೆ ಉಳಿಸಿದಂತಲ್ಲ, ಕೆಡಿಸಿದಂತೆ.

ಪೆಟ್ಟಿಗೆಯಲ್ಲಿ ಸಾಕಿ ಜೇಡ ಉಳಿಸಿದ ಉದಾಹರಣೆ ಇಲ್ಲವೆಂದಲ್ಲ. ಇಂಗ್ಲೆಂಡಿನ ಸಫೊಕ್‌ನ ಜೌಗು ನೆಲದಲ್ಲಿ 1956ರಲ್ಲಿ ಪತ್ತೆಯಾದ ಫೆನ್ ರಾಫ್ಟ್ ಎಂಬ ನೀರುಜೇಡ ಅಳಿವಿನ ಅಂಚಿಗೆ ಬಂದಾಗ, ಹೆಲೆನ್ ಸ್ಮಿತ್ ಎಂಬ ಜೇಡ ವಿಜ್ಞಾನಿ ತಮ್ಮ ಅಡುಗೆಮನೆಯಲ್ಲೇ ಸಾವಿರಾರು ಮರಿಗಳನ್ನು ಪ್ರನಾಳಗಳಲ್ಲಿಟ್ಟು ಒಂದೊಂದಕ್ಕೂ ನೊಣ ತಿನ್ನಿಸಿ ಬೆಳೆಸಿದರು. ಮೃಗಾಲಯಗಳೂ ಕೈಜೋಡಿಸಿದವು. 2010ರಿಂದಾಚೆಗೆ ಬಿಟ್ಟ ಮರಿಗಳು ಹೊಸ ಜಾಗಗಳಲ್ಲಿ ನೆಲೆಯೂರಿದವು. ಅಲ್ಲಿ ತಾಯಿ ಯಾವ ಜೌಗಿನದೆಂದು ಗೊತ್ತಿತ್ತು, ಬಿಡಲು ನೀರು ತುಂಬಿದ ಸುಸ್ಥಿತಿಯ ಜೌಗೂ ಇತ್ತು. ಮಾರಾಟವಂತೂ ಇರಲೇ ಇಲ್ಲ.

ಹಾಗಿದ್ದರೆ ಮಲೆನಾಡಿನಲ್ಲಿ ಬಿಡಲು ಜಾಗ ಎಲ್ಲಿದೆ? ಮರಜೇಡಕ್ಕೆ ಬೇಕಾದುದು ಹಸಿರಲ್ಲ, ಪೊಟರೆ. ಎಳೆಯ ಮರದಲ್ಲಿ ಪೊಟರೆ ಇರುವುದಿಲ್ಲ. ಕೊಂಬೆ ಮುರಿದು, ಗಾಯಕ್ಕೆ ಅಣಬೆ ಹತ್ತಿ, ಒಳತಿರುಳು ಕೊಳೆತು, ಮರಕುಟಿಗ ಕೊರೆದು ಮರವೊಂದು ಟೊಳ್ಳಾಗಲು ದಶಕಗಳೇ ಬೇಕು. ಅಂಥ ಮುದಿಮರಗಳು ಉಳಿದದ್ದು ಹೆಚ್ಚಾಗಿ ಊರವರು ದೇವರ ಹೆಸರಿನಲ್ಲಿ ಬಿಟ್ಟ ಜಾಗಗಳಲ್ಲಿ. 2004ರಲ್ಲಿ ವಿವರಿಸಲಾದ ಹನುಮವಿಲಾಸುಮಿಕಾ ಎಂಬ ಪ್ರಭೇದಕ್ಕೆ ಹೆಸರು ಬಂದದ್ದೇ ರಾಮೇಶ್ವರಂ ದ್ವೀಪದ ಒಂದು ದೇವಸ್ಥಾನದ ಬನದಿಂದ. ಅಲ್ಲಿನ ಹಳೆ ಹುಣಸೆಮರಗಳ ಪೊಟರೆಗಳಲ್ಲಿ ಅದರ ವಾಸ.

ಸೊರಬ, ಶಿಕಾರಿಪುರ, ಸಾಗರ ಕಡೆಯವರಿಗೆ ಇಂಥ ಬನ ಹೊಸದಲ್ಲ. ಅವರ ಬಾಯಲ್ಲಿ ಅದು ಕಾನು. ಬಯಲು ಅಡವಿಯ ನಡುವೆ ಸದಾ ಹಸಿರಾಗಿ, ತೊರೆಯ ಬುಡ ಕಾಯುತ್ತ, ಕಾಳುಮೆಣಸಿನ ಬಳ್ಳಿ, ಬೈನೆ ಮರ, ಚೌಡಿಯ ಕಲ್ಲು ಎಲ್ಲವನ್ನೂ ಇಟ್ಟುಕೊಂಡ ದಟ್ಟ ತೋಪು. 1868ರಲ್ಲಿ ಬ್ರಾಂಡಿಸ್ ಮತ್ತು ಗ್ರಾಂಟ್ ಎಂಬ ಅಧಿಕಾರಿಗಳು ಸೊರಬ ತಾಲ್ಲೂಕಿನ ಕಾನುಗಳ ಮೇಲೆಯೇ ಪ್ರತ್ಯೇಕ ವರದಿ ಬರೆದರು. ಅವರು ಪಟ್ಟಿ ಮಾಡಿದ್ದು 171 ಕಾನುಗಳನ್ನು, ಸುಮಾರು 13,000 ಹೆಕ್ಟೇರ್. ಆ ಪಟ್ಟಿ ಹಿಡಿದು ಇಂದು ತಿರುಗಿದರೆ ಎಷ್ಟೋ ಕಡೆ ಎದುರಾಗುವುದು ಅಡಿಕೆ ತೋಟ, ಶುಂಠಿ ಹೊಲ, ಸಾಲು ಸಾಲು ಅಕೇಶಿಯಾ. ಭದ್ರಾವತಿಯ ಮೈಸೂರು ಕಾಗದ ಕಾರ್ಖಾನೆಗೆ 1980ರಲ್ಲಿ ನಲವತ್ತು ವರ್ಷಕ್ಕೆ ಕೊಟ್ಟ ಅರಣ್ಯ ಭೂಮಿಯ ಗುತ್ತಿಗೆ 2020ರಲ್ಲಿ ಮುಗಿದಾಗ, ಶಿವಮೊಗ್ಗ ಜಿಲ್ಲೆಯ ಜನ ‘ನಮ್ಮೂರಿಗೆ ಅಕೇಶಿಯಾ ಮರ ಬೇಡ’ ಎಂದು ಬೀದಿಗಿಳಿದರು. ಗುತ್ತಿಗೆ ಮತ್ತೆ ಮುಂದುವರಿಯಿತು. ತಿರುಳು ಕೊಳೆಯುವ ವಯಸ್ಸಿಗೆ ಬಹಳ ಮೊದಲೇ ಕೊಡಲಿಗೆ ಬೀಳುವ ಅಕೇಶಿಯಾದಲ್ಲಿ ಜೇಡಕ್ಕಷ್ಟೇ ಅಲ್ಲ, ಮಂಗಟ್ಟೆ ಹಕ್ಕಿಗೂ ಹಾರುಬೆಕ್ಕಿಗೂ ಮನೆಯಿಲ್ಲ.

ನೆಲದ ಬಿಲದಲ್ಲಿರುವ ಟರಾಂಟುಲಾಗಳ ಪಾಡೂ ಹೆಚ್ಚು ಬೇರೆಯಲ್ಲ. ಪಶ್ಚಿಮ ಘಟ್ಟಕ್ಕಷ್ಟೇ ಸೀಮಿತವಾದ ಥ್ರಿಗ್ಮೋಪಿಯಸ್ ಕುಲದವು ಮಣ್ಣಿನ ಧರೆಗಳಲ್ಲಿ ಬಿಲ ತೋಡುತ್ತವೆ. ರಸ್ತೆ ಅಗಲ ಮಾಡುವ ಜೆಸಿಬಿಯ ಮೊದಲ ಬಾಯಿಗೆ ಹೋಗುವುದು ಆ ಧರೆಗಳೇ.

ಕಾನೂನು ಏನು ಹೇಳುತ್ತದೆ? ವನ್ಯಜೀವಿ ಸಂರಕ್ಷಣಾ ಕಾಯ್ದೆಯ 2022ರ ತಿದ್ದುಪಡಿ ಸೈಟಿಸ್ ಪಟ್ಟಿಯ ಪ್ರಾಣಿಗಳನ್ನು ಕಾಯ್ದೆಯೊಳಗೆ ತಂದಿತು. 2024ರ ಫೆಬ್ರುವರಿಯಲ್ಲಿ ಬಂದ ನಿಯಮಗಳ ಪ್ರಕಾರ ಅಂಥ ಜೀವಂತ ಪ್ರಾಣಿ ಸಾಕುವವರು ಸರ್ಕಾರದ ಪರಿವೇಶ್ ಜಾಲತಾಣದಲ್ಲಿ ನೋಂದಾಯಿಸಬೇಕು. ಹುಟ್ಟಿದ್ದು, ಸತ್ತದ್ದು, ಕೈಬದಲಾದದ್ದು ಎಲ್ಲವನ್ನೂ ತಿಳಿಸಬೇಕು. ಗಿಣಿ, ಆಮೆಗಳನ್ನು ಮನಸ್ಸಿನಲ್ಲಿಟ್ಟು ಮಾಡಿದ ನಿಯಮ ಇದು. ಒಂದೇ ರಾತ್ರಿ ನೂರು ಮರಿ ಹೊರಬಿದ್ದು, ಬೆಳಗಾಗುವುದರಲ್ಲಿ ಕೆಲವು ಸಾಯಲೂಬಹುದಾದ ಪ್ರಾಣಿಗೆ ಜನನ ಮರಣ ದಾಖಲೆ ಇಡಲು ಹೊರಟವರ ಸಹನೆಯನ್ನು ಮೆಚ್ಚಲೇಬೇಕು. ಇಷ್ಟಾದರೂ ನಿಯಮ ಇರಲಿ. ಅದು ತಡೆಯಲಾರದ್ದು ಕಾಡಿನಂಚಿನಲ್ಲಿ ರಾತ್ರಿ ಟಾರ್ಚು ಹಿಡಿದು ಬರುವವರನ್ನು. 2008ರಲ್ಲಿ ಡಾರ್ಜಿಲಿಂಗ್‌ನ ಸಿಂಗಾಲಿಲಾ ರಾಷ್ಟ್ರೀಯ ಉದ್ಯಾನದಲ್ಲಿ ಅನುಮತಿಯಿಲ್ಲದೆ ಕೀಟ ಸಂಗ್ರಹಿಸಿದ ಇಬ್ಬರು ಜೆಕ್ ಪ್ರಜೆಗಳು ಸಿಕ್ಕಿಬಿದ್ದಿದ್ದರು. ಅಂಥ ಪ್ರಕರಣ ಬೆರಳೆಣಿಕೆಯಷ್ಟು.

ಇಲ್ಲಿ ಈಸೂರನ್ನು ನೆನೆಯಲು ಕಾರಣವಿದೆ. 1942ರ ಸೆಪ್ಟೆಂಬರ್‌ನಲ್ಲಿ ಶಿಕಾರಿಪುರ ತಾಲ್ಲೂಕಿನ ಈ ಹಳ್ಳಿ ತನ್ನನ್ನು ಸ್ವತಂತ್ರವೆಂದು ಸಾರಿಕೊಂಡು, ಬೇಜವಾಬ್ದಾರಿ ಸರ್ಕಾರದ ಅಧಿಕಾರಿಗಳಿಗೆ ಪ್ರವೇಶವಿಲ್ಲವೆಂದು ಊರಬಾಗಿಲಲ್ಲಿ ಬೋರ್ಡು ಹಾಕಿತ್ತು. ಅದರ ಬೆಲೆಯನ್ನು 1943ರ ಮಾರ್ಚ್‌ನಲ್ಲಿ ಗಲ್ಲಿಗೇರಿದ ಐವರು ತೆತ್ತರು. ಊರಿನೊಳಗೆ ಯಾರು ಬರಬೇಕು, ಏನನ್ನು ಒಯ್ಯಬೇಕು ಎಂದು ಕೇಳಲು ಇಂದಿನ ಪಂಚಾಯಿತಿಗೆ ಅಂಥ ಧೈರ್ಯವೇನೂ ಬೇಕಿಲ್ಲ, ಕಾಯ್ದೆಯೇ ಕೈಯಲ್ಲಿದೆ. 2002ರ ಜೈವಿಕ ವೈವಿಧ್ಯ ಕಾಯ್ದೆಯ 41ನೇ ಕಲಮಿನಂತೆ ಪ್ರತಿ ಸ್ಥಳೀಯ ಸಂಸ್ಥೆಯೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಮಾಡಿಕೊಳ್ಳಬೇಕು. ವ್ಯಾಪಾರಕ್ಕಾಗಿ ಜೀವಸಂಪತ್ತು ಸಂಗ್ರಹಿಸುವವರ ಮೇಲೆ ಶುಲ್ಕ ಹಾಕುವ ಅಧಿಕಾರವೂ ಆ ಸಮಿತಿಗಿದೆ. ಅದು ಬರೆದಿಡಬೇಕಾದ ಜನತಾ ಜೀವವೈವಿಧ್ಯ ದಾಖಲಾತಿಯಲ್ಲಿ ಔಷಧಿ ಗಿಡ, ದನದ ತಳಿಗಳ ಜೊತೆ ಪೊಟರೆ ಮರಗಳಿಗೂ ಒಂದು ಪುಟ ಕೊಡಬಹುದು. ಯಾವ ಕಾನಿನಲ್ಲಿ ಎಷ್ಟು ಎಂದು ಬರೆದರೆ ಸಾಕು, ಯಾವ ಪೊಟರೆಯಲ್ಲಿ ಯಾವ ಜೇಡ ಎಂಬುದು ಊರಿನೊಳಗೇ ಇರಲಿ.

ಇದೇ ಕಾಯ್ದೆಯಡಿ ಕರ್ನಾಟಕ 2007ರಲ್ಲಿ ದೇವನಹಳ್ಳಿ ಬಳಿಯ ನಲ್ಲೂರಿನ ಹುಣಸೆ ತೋಪನ್ನು ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಿಸಿತ್ತು. ಆಮೇಲೆ ಸಾಗರ ತಾಲ್ಲೂಕಿನ ಅಂಬರಗುಡ್ಡಕ್ಕೂ ಆ ಮನ್ನಣೆ ಸಿಕ್ಕಿತು. ಸೊರಬ ಮತ್ತು ಶಿಕಾರಿಪುರದ ಉಳಿದ ಕಾನುಗಳಿಗೂ ಅದೇ ದಾರಿಯಿದೆ. ಅಷ್ಟಾದ ಮೇಲೆ ಶಿವಮೊಗ್ಗದ ತ್ಯಾವರೆಕೊಪ್ಪ ಮೃಗಾಲಯದಲ್ಲಿ ಒಂದು ಕೋಣೆ ತೆರೆದು, ಇಂಥ ಕಾನಿನ ಇಂಥ ತಾಯಿಯದೆಂದು ಬರೆದಿಟ್ಟ ಮರಿಗಳನ್ನು ಸಾಕಬಹುದು. ಹೊರದೇಶದ ಹವ್ಯಾಸಿಗಳು ತಾಳ್ಮೆಯಿಂದ ಕಲಿತ ವಿದ್ಯೆಗೂ ಆಗ ಇಲ್ಲಿ ಕೆಲಸವಿರುತ್ತದೆ. ಸದ್ಯಕ್ಕೆ ಅರಣ್ಯ ಇಲಾಖೆ ಮಾಡಬಹುದಾದ ಖರ್ಚಿಲ್ಲದ ಕೆಲಸವೊಂದಿದೆ: ಒಣಗಿದ, ಟೊಳ್ಳಾದ ಮರಗಳನ್ನು ನಾಟಾ ಡಿಪೋಗೆ ಸಾಗಿಸಿ ಹರಾಜು ಹಾಕುವ ಮೊದಲು, ಪ್ರತಿ ಕಾನಿನಲ್ಲಿ ಅಂಥ ಕೆಲವು ಮರಗಳಿಗೆ ಸುಣ್ಣದ ಗುರುತು ಹಾಕಿ ಪಟ್ಟಿಯಿಂದ ಹೊರಗಿಡುವುದು.