ಮೋಟಾರಿನ ಏದುಸಿರು

ಗೌರಿಬಿದನೂರು ತಾಲ್ಲೂಕಿನ ಕುಡುಮಲಕುಂಟೆಯಲ್ಲಿರುವ ನಮ್ಮ ಮಿತ್ರರೊಬ್ಬರು ಹತ್ತು ವರ್ಷಗಳಿಂದ ಒಂದೇ ಪೆಟ್ರೋಲ್ ಕಾರನ್ನು ಇಟ್ಟುಕೊಂಡಿರುವರು. ವೃದ್ಧರಾದ ತಾಯಿಯವರನ್ನು ತಿಂಗಳಿಗೊಮ್ಮೆ ಚಿಕ್ಕಬಳ್ಳಾಪುರದ ವೈದ್ಯರಲ್ಲಿಗೆ ಕರೆದೊಯ್ಯುವುದೇ ಅದರ ಮುಖ್ಯವಾದ ಕೆಲಸ. ಹೋದ ಬೇಸಗೆಯಲ್ಲಿ ಮಂಚೇನಹಳ್ಳಿಯ ದಾರಿಯಲ್ಲಿ ಒಂದು ಟ್ರ್ಯಾಕ್ಟರನ್ನು ದಾಟಲೆಂದು ಅವರು ಬಲಕ್ಕೆ ಬಂದು ಆಕ್ಸಿಲರೇಟರನ್ನು ತುಳಿದರು. ಗಾಡಿಯು ಮುಂದಕ್ಕೆ ಚಿಮ್ಮುವುದರ ಬದಲು ಒಮ್ಮೆ ಬಿಕ್ಕಿ ಅಲ್ಲಿಯೇ ಸೊರಗಿತು. ಎದುರಿನಿಂದ ಲಾರಿಯೊಂದು ಬರುತ್ತಿತ್ತು. ಬ್ರೇಕು ಹಾಕಿ ಟ್ರ್ಯಾಕ್ಟರಿನ ಹಿಂದಕ್ಕೆ ಸರಿದುಕೊಂಡುದರಿಂದ ಅಂದು ಕೇಡೇನೂ ಸಂಭವಿಸಲಿಲ್ಲ. ಆದರೆ ಆ ದಿನದಿಂದ ತಾಯಿಯವರು ಬಸ್ಸಿನಲ್ಲಿಯೇ ಹೋಗುವೆನೆಂದು ಹಟ ಹಿಡಿದರು.

ಗಾಡಿಗೆ ಚಿಕಿತ್ಸೆಯು ಅದಕ್ಕೆ ಮೊದಲೇ ನಡೆದಿತ್ತು. ಎಚ್ಚರಿಕೆಯ ದೀಪವು ಹೊತ್ತಿಕೊಂಡಿತೆಂದು ಒಂದು ಕಾರ್ಖಾನೆಗೆ ಒಯ್ದರೆ, ಅವರು ಸ್ಕ್ಯಾನರ್ ಹಚ್ಚಿ ‘ಪಿ ೦೧೭೧’ ಎಂಬ ಸಂಕೇತವನ್ನು ಓದಿ, ಆಕ್ಸಿಜನ್ ಸೆನ್ಸರನ್ನು ಬದಲಾಯಿಸಿದರು. ನಾಲ್ಕನೆಯ ದಿನ ದೀಪವು ಮರಳಿ ಹೊತ್ತಿತು. ಆಮೇಲೆ ಪ್ಲಗ್ಗುಗಳು ಹೊಸದಾದವು. ಕಡೆಗೆ “ಎಂಜಿನ್ ಬಿಚ್ಚಬೇಕು ಸ್ವಾಮಿ” ಎಂಬ ಮಾತು ಬಂದಿತು. ಬಿಚ್ಚಿಸುವುದಕ್ಕಿಂತ ಬಂದ ಬೆಲೆಗೆ ಮಾರುವುದು ಮೇಲೆಂದು ನಮ್ಮ ಮಿತ್ರರು ನಿಶ್ಚಯಿಸಿದ್ದಾಗ ಸಂಗತಿಯು ನಮ್ಮ ಕಿವಿಗೆ ಬಿದ್ದಿತು.

ಆ ಸಂಕೇತದ ಅರ್ಥವನ್ನು ತಿಳಿಯಲು ಮುದ್ದೆ ತೊಳಸುವ ಕೆಲಸವನ್ನು ನೆನೆದರೆ ಸಾಕು. ಎಸರು ಇಷ್ಟು, ಹಿಟ್ಟು ಇಷ್ಟು ಎಂಬ ಲೆಕ್ಕ ಮನೆಯಾಕೆಗೆ ಕೈಯಲ್ಲಿಯೇ ಇರುತ್ತದೆ; ತೊಳಸುವಾಗ ತೆಳ್ಳಗೆ ಕಂಡರೆ ಒಂದು ಹಿಡಿ ಹಿಟ್ಟನ್ನು ಸೇರಿಸುವಳು. ಎಂಜಿನ್ನಿನಲ್ಲಿ ಗಾಳಿಯು ಎಸರಿನಂತೆ, ಪೆಟ್ರೋಲು ಹಿಟ್ಟಿನಂತೆ. ಒಂದು ತೂಕ ಪೆಟ್ರೋಲು ಪೂರ್ಣವಾಗಿ ಉರಿಯಲು ಸುಮಾರು ೧೪.೭ ತೂಕ ಗಾಳಿ ಬೇಕು. ಒಳಗೆ ಬರುವ ಗಾಳಿಯನ್ನು ಒಂದು ಸೆನ್ಸರು ಅಳೆಯುವುದು. ಗಾಡಿಯ ಕಂಪ್ಯೂಟರು ಅದಕ್ಕೆ ತಕ್ಕ ಪೆಟ್ರೋಲನ್ನು ಬಿಡುವುದು. ಹೊಗೆಕೊಳವೆಯಲ್ಲಿರುವ ಆಕ್ಸಿಜನ್ ಸೆನ್ಸರು ಉರಿದುಳಿದುದನ್ನು ನೋಡಿ ಹೆಚ್ಚಾಯಿತು, ಕಡಮೆಯಾಯಿತು ಎಂದು ಹೇಳುವುದು. ಆ ಮಾತನ್ನು ಕೇಳಿ ಕಂಪ್ಯೂಟರು ಮಾಡುವ ತಿದ್ದುಪಡಿಗೆ ‘ಫ್ಯೂಯಲ್ ಟ್ರಿಮ್’ ಎಂದು ಹೆಸರು. ಕ್ಷಣಕ್ಷಣದ ತಿದ್ದುಪಡಿಯೊಂದು, ಅಭ್ಯಾಸವಾಗಿ ನಿಂತ ತಿದ್ದುಪಡಿಯೊಂದು. ಎರಡನ್ನೂ ಕೂಡಿ ಓದತಕ್ಕದ್ದು. ನೂರಕ್ಕೆ ಐದರಷ್ಟು ಹೆಚ್ಚುಕಡಮೆ ಸಹಜ. ಹತ್ತನ್ನು ಮೀರಿದರೆ ಕಾರಣವನ್ನು ಹುಡುಕಬೇಕು.

‘ಪಿ ೦೧೭೧’ ಎಂದರೆ ಗಾಳಿ ಹೆಚ್ಚಾಗಿದೆ, ಇಲ್ಲವೆ ಪೆಟ್ರೋಲು ಸಾಲದು ಎಂದಷ್ಟೆ. ಆಕ್ಸಿಜನ್ ಸೆನ್ಸರು ಕೆಟ್ಟಿದೆ ಎಂದಲ್ಲ. ಅದು ದೂರನ್ನು ತಂದ ಸಾಕ್ಷಿ. ಅದನ್ನೇ ಅಪರಾಧಿಯೆಂದು ಹೊರಗೆ ಹಾಕಿದ್ದರು. (ಸೆನ್ಸರು ಎಂದೂ ಕೆಡದೆಂದು ನಾವು ಹೇಳುವುದಿಲ್ಲ, ಕೆಟ್ಟುದನ್ನು ಪರೀಕ್ಷೆಯಿಂದ ತೋರಿಸಿ ಬದಲಾಯಿಸಲಿ ಎನ್ನುವೆವು.)

ಇತ್ತೀಚಿನ ಹತ್ತು ವರ್ಷಗಳ ಪೆಟ್ರೋಲ್ ಕಾರುಗಳಲ್ಲಿ ಸ್ಟಿಯರಿಂಗಿನ ಕೆಳಗೆ ಒಂದು ಕಿಂಡಿ ಇರುವುದಷ್ಟೆ. ಅಲ್ಲಿಗೆ ಚಿಕ್ಕ ಸ್ಕ್ಯಾನರನ್ನು ಸಿಕ್ಕಿಸಿ, ಮೊಬೈಲಿನಲ್ಲಿ ಅಂಕೆಗಳನ್ನು ನೋಡುತ್ತ ಕುಳಿತೆವು. ನಿಂತ ಗಾಡಿಯಲ್ಲಿ ಎಂಜಿನ್ ಸುಮ್ಮನೆ ತಿರುಗುತ್ತಿರುವಾಗ ತಿದ್ದುಪಡಿಯು ಒಮ್ಮೆ ೨, ಒಮ್ಮೆ ೧೮, ಹೀಗೆ ಒಂದೆಡೆ ನಿಲ್ಲದೆ ಓಲಾಡುತ್ತಿತ್ತು. ನಿಮಿಷಕ್ಕೆ ೨,೫೦೦ ಸುತ್ತಿಗೆ ಏರಿಸಿ ಹಿಡಿದರೆ ೪ಕ್ಕೆ ಇಳಿದು ಸ್ಥಿರವಾಯಿತು. ಇದು ಗಾಳಿ ಎಲ್ಲಿಯೋ ಕದ್ದು ನುಗ್ಗುತ್ತಿರುವುದರ ಲಕ್ಷಣ: ಎಂಜಿನ್ ಮೆಲ್ಲನೆ ಉಸಿರಾಡುವಾಗ ಕಳ್ಳಗಾಳಿಯ ಪಾಲು ದೊಡ್ಡದು, ವೇಗವಾಗಿ ಉಸಿರಾಡುವಾಗ ಸಣ್ಣದು. ಆದರೆ ಗಾಡಿಯನ್ನು ರಸ್ತೆಗಿಳಿಸಿ ಮೂರನೆಯ ಗೇರಿನಲ್ಲಿ ಏರನ್ನು ಹತ್ತಿಸಿದಾಗ ಅಂಕೆಯು ೨೨ಕ್ಕೆ ಜಿಗಿಯಿತು. ಭಾರ ಬಿದ್ದಾಗ ಮಾತ್ರ ಹೀಗೆ ಏರುವುದು ಪೆಟ್ರೋಲಿನ ಪಂಪು ಸೋತುದರ ಅಥವಾ ಫಿಲ್ಟರು ಕಟ್ಟಿಕೊಂಡುದರ ಲಕ್ಷಣ. ಒಂದೇ ಗಾಡಿಯಲ್ಲಿ ಎರಡು ರೋಗಗಳ ಚಿಹ್ನೆ!

ಇಲ್ಲಿ ನಾವೂ ಎಡವಿದೆವು. ಪಂಪೇ ಇರಬೇಕೆಂದು ಹೇಳಿಬಿಟ್ಟೆವು. ಅದೃಷ್ಟವಶಾತ್ ಹಳೆಯ ಅನುಭವಿಯಾದ ಮೇಸ್ತ್ರಿಯೊಬ್ಬರು, ಹೊಸ ಪಂಪನ್ನು ತರಿಸುವ ಮುನ್ನ ಒತ್ತಡವನ್ನು ಗೇಜಿನಿಂದ ಅಳೆದರು. ಅದು ಎಷ್ಟಿರಬೇಕೋ ಅಷ್ಟೇ ಇತ್ತು, ಎಂಜಿನ್ನನ್ನು ರೇಗಿಸಿದರೂ ಇಳಿಯಲಿಲ್ಲ. ಮಿತ್ರರಿಗೆ ಒಂದು ಪಂಪಿನ ಹಣ ಉಳಿಯಿತು. ನಮ್ಮ ಪಾಂಡಿತ್ಯಕ್ಕೆ ಪೆಟ್ಟು ಬಿದ್ದಿತು.

ಬಳಿಕ ಅವರು ಹ್ಯಾಂಡ್ ಬ್ರೇಕನ್ನು ಬಿಗಿದು, ಗಾಲಿಗಳಿಗೆ ಕಲ್ಲು ಕೊಟ್ಟು, ಮಿತ್ರರನ್ನು ಬ್ರೇಕಿನ ಮೇಲೆ ಕಾಲಿಟ್ಟು ಕ್ಲಚ್ಚನ್ನು ಸ್ವಲ್ಪವೇ ಬಿಡುವಂತೆ ಹೇಳಿ, ತಾವು ಪಕ್ಕಕ್ಕೆ ನಿಂತು ಟಾರ್ಚು ಹಿಡಿದು ನೋಡಿದರು. ಎಂಜಿನ್ ತನ್ನ ರಬ್ಬರಿನ ಮೌಂಟಿಂಗುಗಳ ಮೇಲೆ ಒಂದು ಕಡೆಗೆ ಬಹಳವಾಗಿ ವಾಲಿತು. ವಾಲಿದೊಡನೆ, ಏರ್ ಫಿಲ್ಟರಿನಿಂದ ಎಂಜಿನ್ನಿಗೆ ಗಾಳಿಯನ್ನು ಒಯ್ಯುವ ಸುಕ್ಕುಸುಕ್ಕಾದ ರಬ್ಬರ್ ಕೊಳವೆಯ ಅಡಿಯಲ್ಲಿ, ಒಂದು ಸುಕ್ಕಿನೊಳಗೆ ಅಡಗಿದ್ದ ಬಿರುಕು ಬಾಯಿ ತೆರೆಯಿತು. ಮೇಲಿನಿಂದ ನೋಡಿದವರಿಗೆ ಕೊಳವೆಯು ಹೊಸದರಂತೆಯೇ ಕಾಣುತ್ತಿತ್ತು.

ಎರಡು ಚಿಹ್ನೆಗಳೂ ಆಗ ಒಂದಾದುವು. ಗಾಳಿಯನ್ನು ಅಳೆಯುವ ಸೆನ್ಸರು ಕೊಳವೆಯ ಆಚೆಗಿದ್ದುದರಿಂದ ಬಿರುಕಿನಿಂದ ಬಂದ ಗಾಳಿಯು ಲೆಕ್ಕಕ್ಕೆ ಸಿಕ್ಕುತ್ತಿರಲಿಲ್ಲ. ಚೊಂಬಿನಿಂದ ಅಳೆದು ಹಾಕಿದ ಎಸರಿಗೆ ಯಾರೋ ಹಿಂದಿನಿಂದ ನೀರು ಸುರಿದಂತೆ. ಸುಮ್ಮನೆ ನಿಂತಾಗ ಎಂಜಿನ್ನಿನ ನಡುಕಕ್ಕೆ ಬಿರುಕು ತೆರೆದು ಮುಚ್ಚುತ್ತಿತ್ತು, ಅಂಕೆಯು ಓಲಾಡುತ್ತಿತ್ತು. ಭಾರವಿಲ್ಲದೆ ಸಮನಾಗಿ ತಿರುಗುವಾಗ ಮುಚ್ಚಿಕೊಳ್ಳುತ್ತಿತ್ತು. ಜೋರಾಗಿ ತುಳಿದಾಗ ಎಂಜಿನ್ ವಾಲಿ ಪೂರ್ತಿಯಾಗಿ ತೆರೆಯುತ್ತಿತ್ತು. ಕಂಪ್ಯೂಟರು ತಿದ್ದಿಕೊಳ್ಳುವಷ್ಟರಲ್ಲಿ ಗಾಡಿಯು ಬಿಕ್ಕುತ್ತಿತ್ತು. ಕೊಳವೆಯನ್ನು ಹರಿದುದು ಸವೆದುಹೋದ ಒಂದು ಮೌಂಟಿಂಗು. ಎರಡನ್ನೂ ಹಾಕಿಸಿದರು. ಕೊಳವೆಯೊಂದನ್ನೇ ಹಾಕಿಸಿದ್ದರೆ ಅದೂ ಕೆಲವು ತಿಂಗಳಲ್ಲಿ ಹರಿಯುತ್ತಿತ್ತು.

ವಾಚಕರು ತಮ್ಮ ಗಾಡಿಗೆ ಇದನ್ನು ಅನ್ವಯಿಸುವ ಮುನ್ನ ಕೆಲವು ಮಾತು. ನಮ್ಮ ನಾಡಿನ ಅನೇಕ ಸಣ್ಣ ಕಾರುಗಳಲ್ಲಿ ಗಾಳಿಯ ಮೊತ್ತವನ್ನು ನೇರವಾಗಿ ಅಳೆಯದೆ, ಒಳಗಿನ ಒತ್ತಡದಿಂದ ಲೆಕ್ಕ ಹಾಕುವರು. ಅಂಥವುಗಳಲ್ಲಿ ಕಳ್ಳಗಾಳಿಯೂ ಲೆಕ್ಕಕ್ಕೆ ಬಂದುಬಿಡುವುದರಿಂದ ತಿದ್ದುಪಡಿಯು ಅಷ್ಟಾಗಿ ಏರದೆ, ಸುಮ್ಮನೆ ನಿಂತಾಗಿನ ಸುತ್ತು ಹೆಚ್ಚಾಗುವುದುಂಟು. ಇನ್ನೊಂದು: ೨೦೨೫ರಲ್ಲಿ ನಮ್ಮ ದೇಶದ ಪೆಟ್ರೋಲಿನಲ್ಲಿ ಎಥೆನಾಲ್ ನೂರಕ್ಕೆ ೨೦ರ ಮಟ್ಟವನ್ನು ಮುಟ್ಟಿತು. ಎಥೆನಾಲಿಗೆ ಉರಿಯಲು ಗಾಳಿ ಕಡಮೆ ಸಾಕು. ಆದುದರಿಂದ ಅದೇ ಗಾಳಿಗೆ ಇಂಧನ ಹೆಚ್ಚು ಬೇಕಾಗಿ, ಹಳೆಯ ಗಾಡಿಗಳಲ್ಲಿ ಅಂಕೆಯು ಕೆಲವು ಮೆಟ್ಟಿಲು ಮೇಲೆ ನಿಂತರೆ ಗಾಬರಿ ಬೇಡ. ಬಿರುಕನ್ನು ಹುಡುಕಲು ಬಿಸಿಯಾದ ಎಂಜಿನ್ನಿನ ಮೇಲೆ ಪೆಟ್ರೋಲು ಚಿಮುಕಿಸುವ ಅಭ್ಯಾಸ ಕೆಲವರಲ್ಲಿದೆ; ಅದಕ್ಕೆ ಎಂದಿಗೂ ಒಪ್ಪತಕ್ಕದ್ದಲ್ಲ. ಕೊಳವೆಗಳೊಳಗೆ ಹೊಗೆಯನ್ನು ತುಂಬಿ ಸೋರಿಕೆಯನ್ನು ನೋಡುವ ಯಂತ್ರಗಳು ಈಗ ಬಂದಿವೆ.

ರಿಪೇರಿಯಾದ ಮುಂದಿನ ಭಾನುವಾರ ತಾಯಿಯವರನ್ನೂ ಕೂಡಿಸಿಕೊಂಡು ನಂದಿಬೆಟ್ಟಕ್ಕೆ ಹೋದೆವು. ಬೆಟ್ಟದ ತಿರುವುಗಳಲ್ಲಿ ಗಾಡಿಯು ತುಸು ಮಂದವಾಯಿತೆಂದು ಮಿತ್ರರ ಮುಖ ಕಪ್ಪಿಟ್ಟಿತು. ಮೊಬೈಲನ್ನು ನೋಡಿದೆವು: ೩. ಗೌರಿಬಿದನೂರು ಸುಮಾರು ೭೦೦ ಮೀಟರ್ ಎತ್ತರದಲ್ಲಿದೆ, ಬೆಟ್ಟದ ನೆತ್ತಿ ೧,೪೭೮ ಮೀಟರ್. ಅಷ್ಟು ಏರುವಷ್ಟರಲ್ಲಿ ಗಾಳಿಯ ಒತ್ತಡವು ಹತ್ತರಲ್ಲಿ ಒಂದು ಪಾಲಿನಷ್ಟು ತಗ್ಗುವುದು, ಟರ್ಬೋ ಇಲ್ಲದ ಎಂಜಿನ್ನಿನ ಬಲವೂ ಹೆಚ್ಚುಕಡಮೆ ಅಷ್ಟೇ ತಗ್ಗುವುದು. ಅದನ್ನು ಕಂಪ್ಯೂಟರು ಮೊದಲೇ ಅಳೆದು ಪೆಟ್ರೋಲನ್ನು ಕಡಮೆ ಮಾಡಿರುವುದರಿಂದ ತಿದ್ದುಪಡಿಯ ಅಂಕೆ ಕದಲುವುದಿಲ್ಲ. “ಮೇಲಕ್ಕೆ ಬಂದರೆ ನನಗೂ ಹೀಗೆಯೇ ಆಗುತ್ತದಪ್ಪ” ಎಂದು ಹಿಂದಿನ ಸೀಟಿನಿಂದ ತಾಯಿಯವರು ಹೇಳಿದರು. ಇಳಿಯುವಾಗ ಅವರು ನಿದ್ರೆ ಹೋಗಿದ್ದರು.